ತರಗೆಲೆಯ ಸಣ್ಣ ಇರುವೆಗೆ ಹೆಸರು: ದ್ವೀಪದ ಕೀ, ಬಿಂಗ್‌ಹ್ಯಾಮ್, ಮೊಬೈಲ್ ಫೋಟೊ

ಎರಡು ಮಿಲಿಮೀಟರ್ ಉದ್ದದ ಇರುವೆಯ ಜಾತಿ ಯಾವುದೆಂದು ಹೇಳಲು ಮನೆಯಲ್ಲೇ ಕುಳಿತವರಿಗೆ ಮೂರು ದಾರಿ ಸುಲಭವಾಗಿ ಸಿಗುತ್ತವೆ. ಮೊಬೈಲಿನಲ್ಲಿ ಫೋಟೊ ತೆಗೆದು, ನೋಡಿ ಹೆಸರು ಹೇಳುವ ಆ್ಯಪ್‌ಗೆ ಹಾಕಬಹುದು. ಬ್ರಿಟಿಷ್ ಭಾರತದ ಪ್ರಾಣಿಗಳ ಸರಣಿಯಲ್ಲಿ 1903ರಲ್ಲಿ ಬಂದ ಬಿಂಗ್‌ಹ್ಯಾಮರ ಇರುವೆ ಸಂಪುಟ ಸ್ಕ್ಯಾನ್ ಆಗಿ ಪುಕ್ಕಟೆ ಸಿಗುತ್ತದೆ, ಅದನ್ನು ಬಿಡಿಸಿಕೊಂಡು ಕೂರಬಹುದು. ಇಲ್ಲವೇ ಶಾಂತಸಾಗರದ ದ್ವೀಪಗಳಿಗೆ ಹೊರಗಿನಿಂದ ಬಂದು ಹಬ್ಬುವ ಇರುವೆಗಳಿಗಾಗಿ 2008ರಲ್ಲಿ ತಯಾರಾದ ಪಿಯಾಕೀ ಎಂಬ ಆನ್‌ಲೈನ್ ಕೀ, ಅಂದರೆ ಲಕ್ಷಣಗಳನ್ನು ಒಂದೊಂದಾಗಿ ಆರಿಸುತ್ತ ಹೆಸರಿಗೆ ತಲುಪುವ ಸಾಧನ, ಬಳಸಬಹುದು. ಕಾಸರಗೋಡಿನ ಪೆರ್ಲದ ಹತ್ತಿರದ ನಮ್ಮ ಅಡಿಕೆ ತೋಟದಲ್ಲೂ ತೋಟದಾಚೆಯ ನಾಗಬನದಲ್ಲೂ ಮೂರನ್ನೂ ಬಳಸಿ ನೋಡಿದ್ದೇನೆ. ಯಾವುದು ಗೆಲ್ಲುತ್ತದೆ ಎಂಬುದು ಇರುವೆ ತೋಟದ್ದೋ ಬನದ್ದೋ ಎಂಬುದರ ಮೇಲೆ ನಿಂತಿದೆ.

ಮೊದಲು ಇರುವೆ ಕೈಗೆ ಸಿಗಬೇಕಲ್ಲ. ತರಗೆಲೆಯನ್ನು ಜರಡಿ ಹಿಡಿದು, ಉದುರಿದ ಪುಡಿಯನ್ನು ಬಿಳಿ ತಟ್ಟೆಯಲ್ಲಿ ಹರವಿ, ಒದ್ದೆ ಬ್ರಷ್ಷಿನಲ್ಲಿ ಹೆಕ್ಕುವುದು ಒಂದು ಕ್ರಮ. ಓಡಾಡುವ ಇರುವೆಗಳಿಗೆ ಇದು ಸಾಕು. ಆದರೆ ಸ್ಟ್ರುಮಿಜೆನಿಸ್ ಕುಲದವು (ಕುಲವೆಂದರೆ ಹತ್ತಿರದ ಜಾತಿಗಳ ಗುಂಪು) ಅಲುಗಿಸಿದ ಕೂಡಲೇ ಕೈಕಾಲು ಮಡಚಿ ಸತ್ತಂತೆ ಬಿದ್ದುಬಿಡುತ್ತವೆ. ಮಣ್ಣಿನ ಕಣಕ್ಕೂ ಅದಕ್ಕೂ ವ್ಯತ್ಯಾಸವೇ ಕಾಣದು, ಕಣ್ಣು ಅದರ ಮೇಲೆ ಹಾದು ಮುಂದೆ ಹೋಗುತ್ತದೆ. ವಿಂಕ್ಲರ್ ಚೀಲದಲ್ಲಿ ಈ ತೊಂದರೆಯಿಲ್ಲ. ಜರಡಿ ಹಿಡಿದ ಪುಡಿಯನ್ನು ಬಲೆಯ ಸಂಚಿಗೆ ತುಂಬಿ, ಅದನ್ನು ಬಟ್ಟೆಯ ಚೀಲದೊಳಗೆ ತೂಗುಹಾಕಿ, ಕೆಳಗೆ ಆಲ್ಕೊಹಾಲ್ ಬಾಟಲಿ ಕಟ್ಟಿದರೆ ಆಯಿತು. 48 ಗಂಟೆಯೊಳಗೆ ಹೆಚ್ಚಿನವು ತಾವಾಗಿ ನಡೆದು ಬಾಟಲಿಗೆ ಬೀಳುತ್ತವೆ. ಕರೆಂಟ್ ಬೇಡ. ಬಲ್ಬಿನ ಬಿಸಿಯಿಂದ ಕೆಲಸ ಮಾಡುವ ಬರ್ಲೀಸ್ ಆಲಿಕೆಗಿಂತ ನಮ್ಮ ಕಡೆಗೆ ಇದೇ ವಾಸಿ. ಆದರೆ ಆಟಿ ತಿಂಗಳ ಮಳೆಯಲ್ಲಿ ನೆನೆದ ತರಗೆಲೆ ಎರಡಕ್ಕೂ ಒಗ್ಗದು.

ಬನದಿಂದ ತರಗೆಲೆ ತರುವ ಮೊದಲು ದೊಡ್ಡಮ್ಮನ ಒಪ್ಪಿಗೆ ಕೇಳಿದ್ದೆ. “ಕಲ್ಲಿನ ಹತ್ತಿರ ಹೋಗಬೇಡ ಮಗಾ, ಈಚೆ ಬದಿಯದ್ದು ತೆಗಿ, ನೋಡಿ ಆದ ಮೇಲೆ ಅಲ್ಲೇ ಹಾಕು” ಎಂದರು. ಈಗಲೂ ಅದೇ ಕ್ರಮ.

ಇನ್ನು ಹೆಸರಿನ ವಿಷಯ. ಮೊಬೈಲಿಗೆ ಸಿಕ್ಕಿಸುವ ಮ್ಯಾಕ್ರೊ ಲೆನ್ಸ್ ಬಣ್ಣವನ್ನೂ ಒಟ್ಟು ಆಕಾರವನ್ನೂ ಚೆನ್ನಾಗಿ ಹಿಡಿಯುತ್ತದೆ. ತಲೆ ಕಪ್ಪು, ಹೊಟ್ಟೆ ಕಾಲು ಬಿಳಚು, ಜಜ್ಜಿದರೆ ಕೊಳೆತ ತೆಂಗಿನಕಾಯಿಯ ವಾಸನೆ ಇದ್ದರೆ ಅದು ಟಪಿನೋಮ ಮೆಲನೊಸೆಫಲಮ್. ಇದಕ್ಕೆ ಫೋಟೊ ಮತ್ತು ಮೂಗು ಸಾಕು. ಉಳಿದ ಸಣ್ಣವುಗಳಲ್ಲಿ ಫೋಟೊ ಕುಲದ ಹೆಸರಿನವರೆಗೆ ಬಂದರೆ ಅದೇ ದೊಡ್ಡದು. ಜಾತಿಯನ್ನು ತೀರ್ಮಾನಿಸುವ ಲಕ್ಷಣಗಳಲ್ಲಿ ಹೆಚ್ಚಿನವು ಆ ಚಿತ್ರದಲ್ಲಿ ಇರುವುದೇ ಇಲ್ಲ. ಹತ್ತು ಪಟ್ಟಿನ ಕೈಲೆನ್ಸ್ ನನ್ನ ಮಟ್ಟಿಗೆ ಇದಕ್ಕಿಂತ ಉಪಕಾರಿ. ಸೊಂಟದಲ್ಲಿ ಗಂಟು ಒಂದೋ ಎರಡೋ ಎಂಬುದು ಅದರಲ್ಲಿ ತಿಳಿಯುತ್ತದೆ, ಅರ್ಧ ಕುಲಗಳು ಅಲ್ಲೇ ಪಟ್ಟಿಯಿಂದ ಹೊರಗೆ ಹೋಗುತ್ತವೆ.

ಮೀಸೆಯ ತುಂಡುಗಳನ್ನು ಎಣಿಸಲು ಮಾತ್ರ ನಲವತ್ತು ಪಟ್ಟಿನ ಸ್ಟೀರಿಯೊ ಮೈಕ್ರೊಸ್ಕೋಪ್ ಬೇಕೇ ಬೇಕು. ಗಾಜಿನ ತಟ್ಟೆಗೆ ಹ್ಯಾಂಡ್ ಸ್ಯಾನಿಟೈಸರ್ ಜೆಲ್ ಒಂದು ತೊಟ್ಟು ಬಿಟ್ಟು, ಇರುವೆಯನ್ನು ಅದರಲ್ಲಿ ಮುಳುಗಿಸಿ ಸೂಜಿಯಿಂದ ತಿರುಗಿಸಿದರೆ ಬೇಕಾದ ಭಂಗಿಯಲ್ಲಿ ನಿಲ್ಲುತ್ತದೆ. ಬುಡದ ಉದ್ದನೆಯ ತುಂಡನ್ನು ಒಂದು ಎಂದು ಲೆಕ್ಕಕ್ಕೆ ಹಿಡಿದು ತುದಿಯ ಕಡೆಗೆ ಹೋಗಬೇಕು. ಮೊಣಕೈಯಂತೆ ಬಾಗಿದ ಜಾಗದ ಆಚೆ ತುಂಡುಗಳು ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತವೆ, ಬೆಳಕನ್ನು ಕೆಳಗಿನಿಂದ ಬಿಟ್ಟರೆ ಗೆರೆಗಳು ಎದ್ದು ಬರುತ್ತವೆ. ಹತ್ತು ತುಂಡು, ತುದಿಯ ಎರಡು ದಪ್ಪ, ನಡುಭಾಗದ ಹಿಂತುದಿಯಲ್ಲಿ ಮುಳ್ಳಿಲ್ಲ ಎಂದಾದರೆ ಅಂಗಳದಲ್ಲಿ ಕಚ್ಚಿ ಉರಿ ಹುಟ್ಟಿಸುವ ಸೊಲೆನಾಪ್ಸಿಸ್ ಜೆಮಿನೇಟದ ಕಡೆಗೆ ದಾರಿ. ಹನ್ನೆರಡು ತುಂಡು, ತುದಿಯ ಮೂರು ದಪ್ಪ, ತಲೆ ಹೊಟ್ಟೆ ಕಂದು, ನಡುಭಾಗ ತಿಳಿಬಣ್ಣ ಎಂದಾದರೆ ಮಾನೊಮೋರಿಯಮ್ ಫ್ಲೋರಿಕೋಲ.

ಪಿಯಾಕೀ ಮಿಂಚುವುದು ಇಂಥ ಇರುವೆಗಳಲ್ಲೇ. ಹವಾಯಿಯಲ್ಲಿ ಮೂಲನಿವಾಸಿ ಇರುವೆಯೇ ಇಲ್ಲ, ಅಲ್ಲಿರುವುದೆಲ್ಲ ಮನುಷ್ಯನ ಸರಂಜಾಮಿನ ಜೊತೆ ಬಂದದ್ದು. ಹಡಗು, ಗಿಡದ ಬೇರಿನ ಮಣ್ಣು, ಹಣ್ಣಿನ ಪೆಟ್ಟಿಗೆ ಹತ್ತಿ ಊರೂರು ಸುತ್ತುವ ಅವೇ ಜಾತಿಗಳು ನಮ್ಮ ತೋಟ, ಅಂಗಳ, ನರ್ಸರಿ ಚಟ್ಟಿಗಳಲ್ಲೂ ಇವೆ. ಹಾಗಾಗಿ ಫಿಜಿ, ಸಮೋವಾಕ್ಕಾಗಿ ಮಾಡಿದ ಕೀ ಕಾಸರಗೋಡಿನ ತೋಟದ ಇರುವೆಗೆ ಚೊಕ್ಕವಾಗಿ ಕೂರುತ್ತದೆ. ಫ್ಲೋರಿಕೋಲದ ಕಥೆ ಇನ್ನೂ ಹತ್ತಿರದ್ದು. ಇಂದು ಉಷ್ಣವಲಯದ ದ್ವೀಪಗಳಲ್ಲೆಲ್ಲ ಹರಡಿರುವ ಈ ಪುಟ್ಟ ಇರುವೆಯನ್ನು ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಜರ್ಡನ್ 1851ರಲ್ಲಿ ಮೊದಲು ವಿವರಿಸಿದ್ದು ನಮ್ಮ ತೆಂಕಿನ ತಲಶೇರಿಯಿಂದ. ಪಿಯಾಕೀಯ ಇನ್ನೊಂದು ಅನುಕೂಲವೆಂದರೆ ಯಾವ ಲಕ್ಷಣದಿಂದಲೂ ಶುರು ಮಾಡಬಹುದು. ಮೀಸೆ ಮುರಿದ ಇರುವೆಯಾದರೆ ಸೊಂಟದ ಗಂಟಿನಿಂದ ಹೊರಡಬಹುದು. ಬಿಂಗ್‌ಹ್ಯಾಮರಲ್ಲಿ ಹಾಗಿಲ್ಲ. ಇದೋ ಅದೋ ಎಂಬ ಕವಲುಗಳಲ್ಲೇ ಸಾಗಬೇಕು, ನಡುವೆ ಒಂದು ಲಕ್ಷಣ ಕಾಣದಿದ್ದರೆ ಅಲ್ಲಿಗೇ ನಿಲ್ಲಬೇಕು.

ಬನದ ಇರುವೆಗೆ ಬಂದರೆ ಲೆಕ್ಕ ತಲೆಕೆಳಗಾಗುತ್ತದೆ. ದ್ವೀಪದ ಕೀಗೆ ಪಶ್ಚಿಮ ಘಟ್ಟದ ತಪ್ಪಲಿನ ಮೂಲ ಜಾತಿಗಳು ಗೊತ್ತಿರಬೇಕಾಗಿಲ್ಲ, ಅದನ್ನು ಮಾಡಿದ ಉದ್ದೇಶವೇ ಬೇರೆ. ಆದರೂ ಲಕ್ಷಣ ಒತ್ತುತ್ತ ಹೋದರೆ ಕೊನೆಗೆ ಒಂದು ಹೆಸರು ಉಳಿದೇ ಉಳಿಯುತ್ತದೆ. ಬನದ ಸ್ಟ್ರುಮಿಜೆನಿಸ್ ಒಂದನ್ನು ಹಾಕಿದಾಗ ದ್ವೀಪಗಳಲ್ಲಿ ಸುತ್ತುವ ಒಂದು ಜಾತಿಯ ಹೆಸರು ಬಂತು. ಇರುವೆ ಮಾದರಿಗಳ ಚಿತ್ರಗಳನ್ನಿಟ್ಟಿರುವ ಆಂಟ್‌ವೆಬ್ ಜಾಲತಾಣದಲ್ಲಿ ಆ ಜಾತಿಯ ಮಾದರಿಯನ್ನು ಮುಖದಿಂದ, ಬದಿಯಿಂದ, ಮೇಲಿನಿಂದ ತೆಗೆದ ಚಿತ್ರಗಳಿವೆ. ನಮ್ಮದನ್ನು ಅದೇ ಮೂರು ಭಂಗಿಗಳಲ್ಲಿಟ್ಟು ನೋಡಿದರೆ ದವಡೆಯ ಉದ್ದ ಬೇರೆ, ತುದಿಯ ಹಲ್ಲು ಬೇರೆ, ಮುಖದ ಕೂದಲಿನ ಆಕಾರ ಬೇರೆ. ಲೋಕದಲ್ಲಿ ಈ ಕುಲದ 800ಕ್ಕೂ ಹೆಚ್ಚು ಜಾತಿಗಳಿವೆ. ಸೊಂಟದ ಸ್ಪಂಜಿನಂಥ ಅಂಗಾಂಶ ಕಂಡಿತೆಂದರೆ ಕುಲ ಖಾತ್ರಿ, ಜಾತಿ ಅಷ್ಟು ಸುಲಭವಲ್ಲ.

ಬನಕ್ಕೆ ಬಿಂಗ್‌ಹ್ಯಾಮರೇ ನನಗೆ ಹೆಚ್ಚು ಆಧಾರ. ಅವರ ಹೆಸರುಗಳು ಹಳೆಯವು ನಿಜ. ಅವರು ಪ್ಲಾಜಿಯೊಲೆಪಿಸ್ ಲಾಂಜಿಪೆಸ್ ಎಂದದ್ದು ಇಂದಿನ ಅನೊಪ್ಲೊಲೆಪಿಸ್ ಗ್ರಾಸಿಲಿಪೆಸ್, ಕ್ರಿಸ್ಮಸ್ ದ್ವೀಪದಲ್ಲಿ ಕೆಂಪು ಏಡಿಗಳನ್ನು ಲಕ್ಷಗಟ್ಟಲೆ ಕೊಂದ ಆ ಹಳದಿ ಇರುವೆ. ಹಳೆ ಹೆಸರನ್ನು ಇರುವೆ ಹೆಸರುಗಳ ಆನ್‌ಲೈನ್ ಪಟ್ಟಿಯಾದ ಆಂಟ್‌ಕ್ಯಾಟ್‌ನಲ್ಲಿ ಹುಡುಕಿದರೆ ಈಗಿನದು ಸಿಗುತ್ತದೆ, ಅದಕ್ಕೆ ಹೆಚ್ಚು ಹೊತ್ತು ಬೇಡ. 1903ರ ನಂತರ ವಿವರಿಸಿದ ಜಾತಿಗಳು ಅಲ್ಲಿಲ್ಲ ಎಂಬುದು ದೊಡ್ಡ ಕೊರತೆ. ಅದಕ್ಕೇ ಅಲ್ಲಿ ಸಿಕ್ಕ ಹೆಸರನ್ನೂ ಆಂಟ್‌ವೆಬ್‌ನ ಮಾದರಿಯ ಜೊತೆ ಹೋಲಿಸದೆ ಒಪ್ಪುವುದಿಲ್ಲ. ಹಾಗಿದ್ದರೂ ಇದೇ ನೆಲದ ಇರುವೆಗಳನ್ನು ಮುಂದಿಟ್ಟುಕೊಂಡು ಬರೆದ ವಿವರಣೆ ಅದು. ಮೈಮೇಲಿನ ಗೆರೆ, ಹೊಳಪು, ಕೂದಲು, ಅಳತೆ, ಸಿಕ್ಕಿದ ಊರು ಎಲ್ಲ ಇದೆ.

ಹೊಸದಾಗಿ ಶುರು ಮಾಡುವವರು ಮೊಬೈಲ್ ಲೆನ್ಸಿಗೆ ಹಾಕುವ ದುಡ್ಡನ್ನು ಉಳಿಸಿ, ಸೆಕೆಂಡ್ ಹ್ಯಾಂಡ್ ಆದರೂ ಸರಿ, ಸ್ಟೀರಿಯೊ ಮೈಕ್ರೊಸ್ಕೋಪ್ ಕೊಳ್ಳಲಿ. ಮನೆಯಂಗಳ, ತೋಟ, ಚಟ್ಟಿಯ ಮಣ್ಣಿಗೆ ಪಿಯಾಕೀ. ಬನಕ್ಕೆ, ರಾಣಿಪುರದ ಬದಿಯ ಕಾಡಂಚಿಗೆ ಬಿಂಗ್‌ಹ್ಯಾಮ್ ಮತ್ತು ಆಂಟ್‌ವೆಬ್ ಜೊತೆಜೊತೆಗೆ. ಎರಡೂ ಕಡೆ ತಾಳೆಯಾಗದ ಇರುವೆಯ ಬಾಟಲಿಗೆ ನಾನು ‘ಸ್ಟ್ರುಮಿಜೆನಿಸ್, ಜಾತಿ 1’ ಎಂದು ಪೆನ್ಸಿಲಿನಲ್ಲಿ ಬರೆದು, ಜಾಗ, ತಾರೀಕು, ಮರದ ಹೆಸರು ಸೇರಿಸಿದ ಚೀಟಿಯನ್ನು ಆಲ್ಕೊಹಾಲಿನೊಳಗೇ ಇಳಿಸುತ್ತೇನೆ. ಪೆನ್ನಿನ ಶಾಯಿ ಅದರಲ್ಲಿ ಕರಗುತ್ತದೆ, ಪೆನ್ಸಿಲ್ ನಿಲ್ಲುತ್ತದೆ.