ನಾಲ್ಕು ಬಾಡಿ, ಒಂದು ಫೈಟಿಂಗ್ ರೋಬೋಟ್: ಕೊನೆಗೂ ಚಾಪಿಂಗ್ ಬೋರ್ಡೇ ಸರಿ

ಮೊದಲೇ ಹೇಳಿಬಿಡುತ್ತೇನೆ. ನನ್ನ ಮುಂದಿನ ರೋಬೋಟಿನ ಬಾಡಿಯೂ ತರಕಾರಿ ಹೆಚ್ಚುವ ಪ್ಲಾಸ್ಟಿಕ್ ಬೋರ್ಡಿನದೇ. ಬಿಳಿ, ದಪ್ಪ, ಮುಟ್ಟಿದರೆ ಸ್ವಲ್ಪ ಮೇಣದ ಹಾಗೆ ಜಾರುತ್ತದಲ್ಲ, ಅದು. ಆ ಪ್ಲಾಸ್ಟಿಕ್ಕಿಗೆ ಎಚ್‌ಡಿಪಿಇ ಅಂತ ಹೆಸರು. ನೋಡೋಕೆ ಏನೂ ಚೆನ್ನಾಗಿಲ್ಲ. ಚೆನ್ನಾಗಿ ಕಾಣಲಿ ಅಂತ ಗಾಜಿನಂಥ ಇನ್ನೊಂದು ಪ್ಲಾಸ್ಟಿಕ್, ಪಾಲಿಕಾರ್ಬೊನೇಟಿಗೆ ಹೋಗಿ ಕೈ ಸುಟ್ಟುಕೊಂಡ ಮೇಲೆ ಈ ಬರಹ.

ರಿಮೋಟಿನಲ್ಲಿ ಓಡಿಸುವ ರೋಬೋಟುಗಳು ಗೋಡೆ ಕಟ್ಟಿದ ಅಂಗಳದಲ್ಲಿ ಗುದ್ದಾಡುವ ಆಟ ಇದು. ನನ್ನ ರೋಬೋಟ್ ಒಂದು ಪೌಂಡ್ ವರ್ಗದ್ದು. ಅಂದರೆ ಎಲ್ಲ ಸೇರಿ 454 ಗ್ರಾಂ ದಾಟುವಂತಿಲ್ಲ. (ಆಂಟ್‌ವೇಟ್ ಅಂದರೆ ಅಮೆರಿಕದಲ್ಲಿ ಇದು. ಬ್ರಿಟನ್ನಿನಲ್ಲಿ ಅದೇ ಹೆಸರಿಗೆ 150 ಗ್ರಾಂ. ನಿಯಮ ಓದದೆ ಗರಗಸ ಹಿಡಿಯಬೇಡಿ.) ಎನ್20 ಅನ್ನುವ ನಾಲ್ಕು ಪುಟ್ಟ ಗೇರ್ ಮೋಟರ್, ನಾಲ್ಕು ಚಕ್ರ, ಮೂರು ಸೆಲ್ಲಿನ (3ಎಸ್) ಸಣ್ಣದೊಂದು ಲಿಪೋ ಬ್ಯಾಟರಿ. ಮುಂದೆ ಇಳಿಜಾರಾಗಿ ಕೂರಿಸಿದ ಉಕ್ಕಿನ ತಗಡು, ಗೋಡೆಗೆ ಪುಟ್ಟಿ ಹಚ್ಚುವ ಪಟ್ಟಿಯಿಂದ ಕತ್ತರಿಸಿದ್ದು. ತಿರುಗುವ ಆಯುಧ ಇಲ್ಲ. ಎದುರಿನವನ ಅಡಿಗೆ ನುಗ್ಗಿ ಗೋಡೆಗೆ ನೂಕುವುದಷ್ಟೇ ಕೆಲಸ. ಒಳಗಿನ ಈ ಸಾಮಾನನ್ನೇ ನಾಲ್ಕು ಥರದ ಬಾಡಿಗಳಿಗೆ ಬಿಚ್ಚಿ ಬಿಚ್ಚಿ ಹಾಕಿದ್ದೇನೆ: ಅಲ್ಯೂಮಿನಿಯಂ, ಪಿಎಲ್‌ಎ ಪ್ಲಾಸ್ಟಿಕ್ಕಿನ 3ಡಿ ಪ್ರಿಂಟ್, ಪಾಲಿಕಾರ್ಬೊನೇಟ್, ಚಾಪಿಂಗ್ ಬೋರ್ಡ್. ಹಾಗಾಗಿ ಹೋಲಿಕೆಯಲ್ಲಿ ಮೋಸ ಇಲ್ಲ. ಪಕ್ಷಪಾತ ಇದೆ.

ಅಲ್ಯೂಮಿನಿಯಂದು ಬೇಗ ಮುಗಿಸುತ್ತೇನೆ. 2 ಮಿ.ಮೀ. ಶೀಟನ್ನು ಮಡಚಿ ಡಬ್ಬಿ ಮಾಡಿದ್ದೆ. ಒಡೆಯಲಿಲ್ಲ, ಬಗ್ಗಿತು. ತೊಂದರೆ ಏನಂದರೆ, ಬಗ್ಗಿದ್ದು ಹಾಗೇ ಉಳಿಯುತ್ತದೆ. ಒಂದು ಮೂಲೆ ಒಳಗೆ ಬಂದು ಚಕ್ರಕ್ಕೆ ಒತ್ತಿತು. ರೋಬೋಟ್ ನಿಂತಲ್ಲೇ ಬುಗುರಿ ಥರ ಸುತ್ತತೊಡಗಿತು, ಮುಂದೆ ಚಲಿಸುತ್ತಿಲ್ಲ ಅಂತ ಹತ್ತು ಎಣಿಸಿ ಆಟ ಮುಗಿಸಿದರು. ಮನೆಗೆ ಬಂದು ಸುತ್ತಿಗೆಯಲ್ಲಿ ಬಡಿದು ನೆಟ್ಟಗೆ ಮಾಡಿದೆ. ಆಮೇಲೆ ಗಾಜಿನ ಟೇಬಲ್ ಮೇಲೆ ಇಟ್ಟು ನೋಡಿದರೆ ಒಂದು ಚಕ್ರದ ಅಡಿ ನಾಣ್ಯ ಸಲೀಸಾಗಿ ತೂರುತ್ತಿತ್ತು. ಎಷ್ಟು ಬಡಿದರೂ ಆ ನಾಣ್ಯದಷ್ಟು ಸಂದು ಮುಚ್ಚಲಿಲ್ಲ. ಇನ್ನೊಂದು: ಶೀಟಿನ ಅಂಚು ವೈರಿನ ಮೇಲಿನ ಕೋಟನ್ನು ಕೊರೆಯುತ್ತದೆ. ಶಾರ್ಟ್ ಆದರೆ ಬೆಂಕಿ ಹೊತ್ತಿಕೊಳ್ಳುವ ಲಿಪೋ ಪಕ್ಕ ಅದು ತಮಾಷೆಯಲ್ಲ.

ಪಿಎಲ್‌ಎ ನನ್ನದಲ್ಲ, ಗೆಳೆಯನ ಪ್ರಿಂಟರಿನದು. ಸಾಮಾನು ಕೂರಿಸುವ ಸುಖ ಅಂದರೆ ಇದರಲ್ಲಿ. ಮೋಟರಿಗೆ ಒಂದು ಗೂಡು, ಬ್ಯಾಟರಿಗೆ ಒಂದು ಗೂಡು, ಎಲ್ಲ ಟಕ್ ಅಂತ ಕೂರುತ್ತವೆ. ಬಾಡಿಯ ಗೋಡೆಗೆ ಪ್ಲಾಸ್ಟಿಕ್ಕಿನ ಐದಾರು ಸುತ್ತು ಹಾಕಿಸಿದರೆ ಗಟ್ಟಿಯೂ ಹೌದು. ಆದರೆ ಪದರದ ಮೇಲೆ ಪದರ ಬಂದ ವಸ್ತು ಅಲ್ವಾ, ಏಟು ಅಡ್ಡಕ್ಕೆ ಬಿದ್ದರೆ ಪದರಗಳ ನಡುವೆಯೇ ಬಿಡುತ್ತದೆ. ನನ್ನದು ಚಪಾತಿ ಎರಡಾಗಿ ಬಿಟ್ಟ ಹಾಗೆ ಬಿಟ್ಟಿತು. ಶಾಖವೂ ಆಗಿಬರುವುದಿಲ್ಲ. ಸುಮಾರು 60 ಡಿಗ್ರಿಗೇ ಪಿಎಲ್‌ಎ ಮೆತ್ತಗಾಗುತ್ತದೆ. ರೋಬೋಟ್ ಅಂಗಳದ ಗೋಡೆಗೆ ಒತ್ತಿಕೊಂಡು ನಿಂತಾಗ ಮೋಟರ್ ಕಾದು ಅದರ ಗೂಡೇ ಮೊಟ್ಟೆ ಆಕಾರಕ್ಕೆ ಬಂತು, ಚಕ್ರ ಓರೆಯಾಯಿತು. ಇಷ್ಟಾದರೂ ನನಗೆ ಅಡ್ಡಿಯಾದದ್ದು ಬೇರೆ. ಮುರಿದರೆ ಗೆಳೆಯನಿಗೆ ಫೋನ್ ಮಾಡಬೇಕು. ಅವನಿಗೆ ಪುರುಸೊತ್ತಾಗಬೇಕು. ಪ್ರಿಂಟ್ ಮುಗಿಯೋಕೆ ಏಳು ಗಂಟೆ. ಮನೆಯಲ್ಲೇ ಪ್ರಿಂಟರ್ ಇರುವವರ ಲೆಕ್ಕ ಬೇರೆ. ಪ್ಲಾಸ್ಟಿಕ್ಕಿನಲ್ಲೇ ಕಟ್ಟಬೇಕಾದ ‘ಪ್ಲಾಸ್ಟಿಕ್ ಆಂಟ್’ ವರ್ಗದಲ್ಲಿ ಆಡುವವರಿಗಂತೂ ಆಯ್ಕೆಯೇ ಇಲ್ಲ. ಅಲ್ಲಿ ಪಿಎಲ್‌ಎ, ಎಬಿಎಸ್, ಪಿಇಟಿ ಥರದ ಕೆಲವು ಪ್ಲಾಸ್ಟಿಕ್ಕಿಗೆ ಮಾತ್ರ ಅವಕಾಶ. ಚಾಪಿಂಗ್ ಬೋರ್ಡ್ ತಗೊಂಡು ಹೋದರೆ ತಪಾಸಣೆಯಲ್ಲೇ ವಾಪಸ್.

ಈಗ ಪಾಲಿಕಾರ್ಬೊನೇಟ್.

ಇದರ ಮೇಲೆ ನನಗೆ ಆಸೆ ಇತ್ತು. ಗಾಜಿನಂತೆ ಕಾಣುತ್ತದೆ, ಸುತ್ತಿಗೆಯಲ್ಲಿ ಹೊಡೆದರೂ ಒಡೆಯುವುದಿಲ್ಲ. ಎಷ್ಟೋ ಕಡೆ ಇಂಥ ಪಂದ್ಯದ ಅಂಗಳದ ಗೋಡೆಯನ್ನೇ ಇದರಲ್ಲಿ ಕಟ್ಟುತ್ತಾರೆ. ನೋಡುವವರ ಕಣ್ಣು ಕಾಯುವ ಗೋಡೆ ನನ್ನ ರೋಬೋಟನ್ನು ಕಾಯಲ್ಲವಾ ಅನ್ನುವುದು ನನ್ನ ತರ್ಕ. ನಾಲ್ಕರಲ್ಲಿ ಇದಕ್ಕೇ ಜಾಸ್ತಿ ದುಡ್ಡು ಹೋಯಿತು. ತುಂಡು ಕೊಡುವುದಿಲ್ಲ ಅಂದರು, ಇಡೀ ಶೀಟ್ ತಂದೆ. ನೋಡೋಕೆ ಹಾಗೇ ಇರುವ ಅಕ್ರಿಲಿಕ್ ಕೊಟ್ಟು ಯಾಮಾರಿಸಿಲ್ಲ ತಾನೇ ಅಂತ ಒಂದು ಪಟ್ಟಿ ಕತ್ತರಿಸಿ ಮಡಚಿ ನೋಡಿದೆ. ಅಕ್ರಿಲಿಕ್ ಆಗಿದ್ದರೆ ಫಟ್ ಅನ್ನುತ್ತಿತ್ತು. ಇದು ಬಗ್ಗಿತು. ಸರಿ, ಮಾಲು ಅಸಲಿ.

ಮೇಲೊಂದು ತಟ್ಟೆ, ಕೆಳಗೊಂದು ತಟ್ಟೆ, ಎರಡೂ 3 ಮಿ.ಮೀ. ನಡುವೆ ಅಲ್ಯೂಮಿನಿಯಂನ ಗಿಡ್ಡ ಕಂಬಗಳು. ಮೇಲೆ ಏಳು, ಕೆಳಗೆ ಏಳು, ಒಟ್ಟು 14 ಸ್ಕ್ರೂ. ಒಳಗಿನ ವೈರೆಲ್ಲ ಹೊರಗಿನಿಂದಲೇ ಕಾಣುತ್ತಿತ್ತು. ಅವತ್ತು ತೆಗೆದ ಫೋಟೋ ಇನ್ನೂ ಇಟ್ಟುಕೊಂಡಿದ್ದೇನೆ.

ರೋಬೋಟ್ ಅದುರುತ್ತದೆ, ಸ್ಕ್ರೂ ಸಡಿಲವಾಗುತ್ತದೆ, ಆದ್ದರಿಂದ ಥ್ರೆಡ್‌ಲಾಕರ್ ಹಾಕು ಅನ್ನುವುದು ಈ ಹವ್ಯಾಸದಲ್ಲಿ ಎಲ್ಲರೂ ಎಲ್ಲರಿಗೂ ಹೇಳುವ ಮಾತು. ಸ್ಕ್ರೂ ಕಳಚದಂತೆ ಹಿಡಿದಿಡುವ ನೀಲಿ ಬಣ್ಣದ ದ್ರವ ಅದು. ಪಂದ್ಯಕ್ಕೆ ಎರಡು ದಿನ ಇತ್ತು. ಒಂದೊಂದು ಸ್ಕ್ರೂಗೆ ಒಂದೊಂದು ತೊಟ್ಟು ಹಾಕಿ, ಕೈ ಎಷ್ಟು ಬಿಡುತ್ತದೋ ಅಷ್ಟು ಬಿಗಿ ಮಾಡಿ ಮಲಗಿದೆ.

ಮಾರನೇ ದಿನ ಸಂಜೆ ಟಾರ್ಚ್ ಹಿಡಿದು ಬ್ಯಾಟರಿ ಕನೆಕ್ಟರ್ ನೋಡುತ್ತಿದ್ದೆ. ಬೆಳಕು ಓರೆಯಾಗಿ ಬಿದ್ದಾಗ ಸ್ಕ್ರೂಗಳ ಸುತ್ತ ಏನೋ ಮಿಂಚಿತು. ಕೂದಲಿಗಿಂತ ಸಣ್ಣ ಬೆಳ್ಳಿ ಗೆರೆಗಳು, ತೂತಿನಿಂದ ಹೊರಕ್ಕೆ. ಮಕ್ಕಳು ಸೂರ್ಯನ ಚಿತ್ರ ಬರೆದು ಸುತ್ತ ಕಿರಣ ಎಳೆಯುತ್ತಾರಲ್ಲ, ಹಾಗೆ. ಡ್ರಿಲ್ ಮಾಡುವಾಗ ಆದ ಗೀರು ಅಂದುಕೊಂಡೆ. ಅಷ್ಟಕ್ಕೇ ಬಿಟ್ಟಿದ್ದರೂ ಆಗಿತ್ತು. ಯಾವುದಕ್ಕೂ ಇರಲಿ ಅಂತ ಎಲ್ಲ ಸ್ಕ್ರೂಗೂ ಇನ್ನೊಂದು ಕಾಲು ಸುತ್ತು ಕೊಟ್ಟೆ.

ಪಂದ್ಯದಲ್ಲಿ ಎದುರಿಗೆ ವರ್ಟಿಕಲ್ ಸ್ಪಿನ್ನರ್, ಅಂದರೆ ನೆಟ್ಟಗೆ ನಿಂತು ಜೋರಾಗಿ ತಿರುಗುವ ಆಯುಧದಿಂದ ಹೊಡೆಯುವ ರೋಬೋಟ್. ಮೊದಲ ಏಟು ಮುಂದಿನ ತಗಡಿಗೆ ಬಿತ್ತು, ಪಾರಾದೆ. ಎರಡನೆಯದು ಎಡ ಹಿಂಬದಿಯ ಮೂಲೆಗೆ. ದೊಡ್ಡ ಏಟೇನಲ್ಲ. ಆದರೂ ಮೂಲೆ ಬಿಸ್ಕತ್ತಿನ ಹಾಗೆ ಮುರಿದು ಹೋಯಿತು, ಹಿಂದೆಯೇ ಮೋಟರ್, ಚಕ್ರ. ಮುಗಿದ ಮೇಲೆ ಪೊರಕೆಯಲ್ಲಿ ಗುಡಿಸಿ ಕೊಟ್ಟರು. ಆ ಚೂರುಗಳಲ್ಲಿ ಒಂದು ಅಲ್ಯೂಮಿನಿಯಂ ಕಂಬ ಇತ್ತು, ಅದರಲ್ಲಿ ಸ್ಕ್ರೂ ಭದ್ರವಾಗಿ ಕೂತಿತ್ತು. ತಿರುಗಿಸಲು ನೋಡಿದೆ, ಜಗ್ಗಲಿಲ್ಲ. ಥ್ರೆಡ್‌ಲಾಕರ್ ತನ್ನ ಕೆಲಸ ಮಾಡಿತ್ತು. ಸ್ಕ್ರೂ ಹಿಡಿದುಕೊಳ್ಳಬೇಕಿದ್ದ ಶೀಟೇ ಇರಲಿಲ್ಲ.

ಮನೆಗೆ ಬಂದು ಉಳಿದ ತುಂಡಿನಲ್ಲಿ ಮೂರು ತೂತು ಕೊರೆದೆ. ಒಂದಕ್ಕೆ ತೊಟ್ಟು ಹಾಕಿ ಬಿಗಿ ಮಾಡಿದೆ. ಒಂದಕ್ಕೆ ಒಣಗಿದ ಸ್ಕ್ರೂ, ಅಷ್ಟೇ ಬಿಗಿ. ಇನ್ನೊಂದಕ್ಕೆ ತೊಟ್ಟು ಮಾತ್ರ, ಸ್ಕ್ರೂ ಸುಮ್ನೆ ಇಳಿಬಿಟ್ಟೆ. ಬೆಳಗ್ಗೆ ಎದ್ದು ನೋಡಿದರೆ ಸೂರ್ಯ ಹುಟ್ಟಿದ್ದು ಮೊದಲನೆಯ ತೂತಿನಲ್ಲಿ ಮಾತ್ರ. ಅಂದರೆ ಶೀಟಿನ ಮೇಲೆ ಒತ್ತಡವೂ ಇರಬೇಕು, ಈ ದ್ರವವೂ ತಾಗಬೇಕು. ಎರಡೂ ಸೇರಿದಾಗ ಪಾಲಿಕಾರ್ಬೊನೇಟ್ ಒಳಗೊಳಗೇ ಬಿರಿಯುತ್ತದೆ. ಅಕ್ರಿಲಿಕ್, ಎಬಿಎಸ್‌ಗೂ ಇದೇ ಕಾಯಿಲೆ. ಹೊರಗೆ ಚೆಲ್ಲಿಲ್ಲವಲ್ಲ ಅಂದುಕೊಳ್ಳಬೇಡಿ. ಅದು ತೆಳ್ಳಗಿನ ದ್ರವ, ಥ್ರೆಡ್ ಹಿಡಿದು ತಾನೇ ಹರಿದು ತೂತಿನ ಅಂಚಿಗೆ ಬರುತ್ತದೆ. ಲೋಹಕ್ಕೆ ತಾಗಿದ, ಗಾಳಿಯಾಡದ ಜಾಗದಲ್ಲಿ ಮಾತ್ರ ಗಟ್ಟಿಯಾಗುತ್ತದೆ. ಪ್ಲಾಸ್ಟಿಕ್ಕಿಗೆ ತಾಗಿದ ಕಡೆ ಹಸಿಯಾಗಿಯೇ ಕೂತು ತಿನ್ನುತ್ತಾ ಇರುತ್ತದೆ. ಬಾಟಲಿಯ ಹಿಂದೆ ಸಣ್ಣಕ್ಷರದಲ್ಲಿ ಎಚ್ಚರಿಕೆ ಇತ್ತು. ಓದಿದ್ದು ಸೋತ ಮೇಲೆ.

ಇನ್ನೊಂದು ತಮಾಷೆ. ಆ ಬಾಟಲಿಯೇ ಪಾಲಿಥೀನಿನದು. ಚಾಪಿಂಗ್ ಬೋರ್ಡಿನ ವಂಶದ್ದೇ. ಅದಕ್ಕೆ ಏನೂ ಆಗಿರಲಿಲ್ಲ.

ಪಾಲಿಕಾರ್ಬೊನೇಟ್ ಹಾಕಲೇಬೇಕು ಅನ್ನುವವರು ಥ್ರೆಡ್‌ಲಾಕರ್ ಬಿಟ್ಟು ನೈಲಾಕ್ ನಟ್ (ಒಳಗೆ ನೈಲಾನ್ ಬಳೆ ಇದ್ದು ತಾನಾಗಿ ಸಡಿಲವಾಗದ ನಟ್) ಹಾಕಿ. 3 ಮಿ.ಮೀ. ಸ್ಕ್ರೂಗೆ ತೂತು ಸ್ವಲ್ಪ ದೊಡ್ಡದಿರಲಿ, ಅಡಿಗೆ ಅಗಲದ ವಾಷರ್ ಇರಲಿ. ತಲೆ ಒಳಗೆ ಹುದುಗುವ ಸ್ಕ್ರೂ ಬೇಡ, ಅದು ಬೆಣೆಯ ಥರ ತೂತನ್ನು ಸೀಳುತ್ತದೆ. ಇಷ್ಟೆಲ್ಲ ಮಾಡಿ ಎರಡನೇ ಬಾಡಿ ಕಟ್ಟಿದೆ, ನಿಂತಿತು. ಆದರೆ ಕಂಬ ತೆಗೆದು ಉದ್ದ ಬೋಲ್ಟು, ನಟ್ಟು, ವಾಷರ್ ಹಾಕಿದ್ದರಿಂದ ತೂಕ ಏರಿತು. ಅದನ್ನು ಇಳಿಸಲು ಮುಂದಿನ ತಗಡು ಸಣ್ಣದು ಮಾಡಬೇಕಾಯಿತು. ಬಾಡಿ ಉಳಿಸಲು ಆಯುಧ ಕತ್ತರಿಸಿದ ಹಾಗಾಯಿತು, ಏನು ಪ್ರಯೋಜನ?

ಇನ್ನು ನಮ್ಮ ಬೋರ್ಡಿಗೆ ಬರೋಣ. ಎಚ್‌ಡಿಪಿಇ ನೀರಿನಲ್ಲಿ ತೇಲುತ್ತದೆ. ಒಂದು ಘನ ಸೆಂ.ಮೀ.ಗೆ ಸುಮಾರು 0.95 ಗ್ರಾಂ. ಪಾಲಿಕಾರ್ಬೊನೇಟ್ 1.2, ಅಲ್ಯೂಮಿನಿಯಂ 2.7. ಅಲ್ಯೂಮಿನಿಯಂ ಗೋಡೆ 4 ಮಿ.ಮೀ. ಇಡುವ ತೂಕದಲ್ಲಿ ಇದು 11 ಮಿ.ಮೀ. ದಪ್ಪ ಇಡಬಹುದು. ಅಷ್ಟು ದಪ್ಪ ಇದ್ದರೆ ಅಂಚಿಗೇ ನೇರವಾಗಿ ಸ್ಕ್ರೂ ಹೊಡೆಯಬಹುದು. ಕಂಬ ಬೇಡ, ಬ್ರಾಕೆಟ್ ಬೇಡ, ನಟ್ ಬೇಡ. ಮೊದಲು ಸಣ್ಣ ತೂತು ಕೊರೆದು, ಮರಕ್ಕೆ ಹಾಕುವ ದೊಡ್ಡ ಥ್ರೆಡ್ಡಿನ ಸ್ಕ್ರೂ ತಿರುಗಿಸಿದರೆ ಕಚ್ಚಿಕೊಳ್ಳುತ್ತದೆ. ನಾಲ್ಕು ಗೋಡೆ, ಒಂದು ಸಂಜೆ.

ಏಟು ಬಿದ್ದಾಗ ಇದು ಒಡೆಯುವುದೂ ಇಲ್ಲ, ಬಗ್ಗಿ ಕೂರುವುದೂ ಇಲ್ಲ. ಜಗ್ಗಿ ವಾಪಸ್ ಬರುತ್ತದೆ. ಮೊದಲಿನದೇ ಥರದ ಸ್ಪಿನ್ನರ್ ಇದನ್ನೂ ಕಚ್ಚಿತು. ತೆಂಗಿನಕಾಯಿ ತುರಿದ ಹಾಗೆ ಬಿಳಿ ಸುರುಳಿ ಎದ್ದಿತು, ರೋಬೋಟ್ ಮೇಲಕ್ಕೆ ಹಾರಿ ಬಿದ್ದು ಹಾಗೇ ಓಡಿತು. ಆಟ ಮುಗಿದ ಮೇಲೆ ನಾನು ಮಾಡಿದ ರಿಪೇರಿ ಇಷ್ಟೇ: ಚಾಕುವಿನಲ್ಲಿ ಆ ಸುರುಳಿ ಹೆರೆದು ಬಿಸಾಕಿದ್ದು. ಪಕ್ಕದ ಟೇಬಲ್ಲಿನ ಹುಡುಗ ಬಗ್ಗಿ ನೋಡಿ, "ಅಣ್ಣಾ, ಇದು ಅಡುಗೆಮನೇದಾ?" ಅಂದ. ಹೌದಪ್ಪಾ ಅಂದೆ.

ತಾಪತ್ರಯ ಇಲ್ಲ ಅಂತಲ್ಲ. ಇದಕ್ಕೆ ಏನೂ ಅಂಟುವುದಿಲ್ಲ. ಗಮ್ ಇಲ್ಲ, ಟೇಪ್ ಇಲ್ಲ. ರಿಮೋಟಿನ ಸಿಗ್ನಲ್ ಹಿಡಿಯುವ ರಿಸೀವರನ್ನು ಎರಡು ಬದಿಯ ಟೇಪಿನಲ್ಲಿ ಅಂಟಿಸಿದ್ದೆ. ಆಟದ ನಡುವೆ ಕಿತ್ತು ಬಂದು ಆಂಟೆನಾ ಚಕ್ರಕ್ಕೆ ಸುತ್ತಿಕೊಂಡಿತು. ಈಗ ಎಲ್ಲದಕ್ಕೂ ಜೋಡಿ ತೂತು ಕೊರೆದು ಕೇಬಲ್ ಟೈ ಹಾಕುತ್ತೇನೆ. ಜಿಗ್‌ಸಾ (ಕರೆಂಟಿನ ಗರಗಸ) ಜೋರಾಗಿ ಓಡಿಸಿದರೆ ಕತ್ತರಿಸಿದ್ದು ಹಿಂದೆಯೇ ಕರಗಿ ಮತ್ತೆ ಕೂಡಿಕೊಳ್ಳುತ್ತದೆ. ದಪ್ಪ ಹಲ್ಲಿನ ಬ್ಲೇಡ್, ನಿಧಾನದ ವೇಗ ಬೇಕು. ಪದೇ ಪದೇ ಬಿಚ್ಚಿದ ಸ್ಕ್ರೂ ತೂತು ಸವೆಯುತ್ತದೆ, ಆಗ ಇನ್ನೂ ಉದ್ದದ ಸ್ಕ್ರೂ ಹಾಕಬೇಕು. ಬೋರ್ಡಿನ ಸುತ್ತ ರಸ ಹರಿಯಲು ತೋಡು ಇದ್ದರೆ ಆ ಭಾಗ ಬಿಟ್ಟು ಕತ್ತರಿಸಿ. ಒಂದು ಗೋಡೆಯನ್ನು ಅಲ್ಲೇ ಕತ್ತರಿಸಿದ್ದೆ, ಸೀಳಿದ್ದು ಅದೊಂದೇ. ಕೊಳ್ಳುವಾಗ ಹಿಂದೆ ತ್ರಿಕೋನದೊಳಗೆ 2 ಅಂತ ಇದೆಯಾ ನೋಡಿ. 5 ಇದ್ದರೆ ಅದು ಎಚ್‌ಡಿಪಿಇ ಅಲ್ಲ, ಪಾಲಿಪ್ರೊಪಿಲೀನ್. ಯುಎಚ್‌ಎಂಡಬ್ಲ್ಯು ಸಿಕ್ಕರೆ ತಗೊಳ್ಳಿ, ಅದೂ ಪಾಲಿಥೀನೇ, ಇದರ ದೊಡ್ಡಣ್ಣ.

ಸ್ಪಿನ್ನರ್ ಕಟ್ಟುವವರು ನನ್ನ ಮಾತು ಪೂರ್ತಿ ಕೇಳಬೇಡಿ. ವೇಗವಾಗಿ ತಿರುಗುವ ಆಯುಧದ ಎರಡೂ ಕಡೆಯ ಬೇರಿಂಗ್ ಒಂದೇ ಗೆರೆಯಲ್ಲಿ ನಿಲ್ಲಬೇಕು. ಹೀಗೆ ಜಗ್ಗುವ ಗೋಡೆಯಲ್ಲಿ ಅದು ಕಷ್ಟ. ಕನಿಷ್ಠ ಆ ಎರಡು ಕಡೆಗಾದರೂ ಅಲ್ಯೂಮಿನಿಯಂ ಪಟ್ಟಿ ಬೇಕು.

ನಾನು ನೂಕುವವನು. ನನಗೆ ಕೆಲಸಕ್ಕೆ ಸಿಗುವುದು ರಾತ್ರಿ ಊಟ ಆದ ಮೇಲೆ. ಆಗ ಜಿಗ್‌ಸಾ ಹಚ್ಚಿದರೆ ಮನೆಮಂದಿ ಏಳುತ್ತಾರೆ, ಹಾಗಾಗಿ ಕೈಗರಗಸ. ಎಚ್‌ಡಿಪಿಇ ಕೈಗರಗಸಕ್ಕೂ ಬಗ್ಗುತ್ತದೆ. ದೊಡ್ಡ ಬೋರ್ಡ್ ಒಂದರಲ್ಲಿ ಎರಡು ಬಾಡಿ ಆಗಿ, ಮೇಲೆ ಎರಡು ಗೋಡೆಗಾಗುವಷ್ಟು ಉಳಿಯುತ್ತದೆ. ಆ ಎರಡನ್ನೂ ಮೊದಲೇ ತೂತು ಕೊರೆದು ಪಂದ್ಯಕ್ಕೆ ಒಯ್ಯುತ್ತೇನೆ. ಬೋರ್ಡಿನ ಹಿಡಿಕೆಯ ತೂತೂ ದಂಡವಾಗಲಿಲ್ಲ. ಬ್ಯಾಟರಿ ಸಂಪರ್ಕ ತಪ್ಪಿಸುವ ಲಿಂಕ್ ಈಗ ಅಲ್ಲಿ ಕೂತಿದೆ, ಹೊರಗಿನಿಂದಲೇ ಬೆರಳು ಹಾಕಿ ಕಿತ್ತರೆ ಆಯಿತು.

ಉಳಿದ ಪಾಲಿಕಾರ್ಬೊನೇಟಿನಲ್ಲಿ ಈ ಬೋರ್ಡಿನ ಬಾಡಿಗೇ ಒಂದು ಮುಚ್ಚಳ ಮಾಡಿದ್ದೇನೆ. ನಾಲ್ಕೇ ಸ್ಕ್ರೂ, ದೊಡ್ಡ ತೂತು, ಅಗಲ ವಾಷರ್. ನೀಲಿ ಬಾಟಲಿ ಬೇರೆ ಡ್ರಾಯರಿನಲ್ಲಿದೆ.