ಆಡಿಟರ್ ಆಫೀಸಿನ ಟೇಬಲ್ ಮೇಲೆ ಅಡುಗೆಮನೆ ಟೈಮರ್: ಎಂಟು ತಿಂಗಳ ನಂತರ

ಮೊದಲೇ ಹೇಳಿಬಿಡುತ್ತೇನೆ, ಇದು ಅಡುಗೆಮನೆ ಟೈಮರ್. ಕೇಕ್ ಮಾಡುವವರು ಓವನ್ ಪಕ್ಕ ಇಟ್ಟುಕೊಳ್ಳುತ್ತಾರಲ್ಲ, ಕಿವಿ ಹಿಂಡಿದ ಹಾಗೆ ತಿರುಗಿಸಿ ಬಿಟ್ಟರೆ ಟಿಕ್ ಟಿಕ್ ಅಂತ ವಾಪಸ್ ಬಂದು ಸೊನ್ನೆ ಮುಟ್ಟಿದಾಗ ಟ್ರಿಣ್ ಅನ್ನುತ್ತದಲ್ಲ, ಅದೇ. ನನಗೆ ಕೇಕ್ ಮಾಡಲು ಬರುವುದಿಲ್ಲ. ದಾವಣಗೆರೆಯ ಒಂದು ಆಡಿಟರ್ ಆಫೀಸಿನಲ್ಲಿ ಬಿಲ್ ಎಂಟ್ರಿ ಮಾಡುತ್ತೇನೆ, ಇದು ಏಳನೇ ವರ್ಷ. 250 ರೂಪಾಯಿ ಕೊಟ್ಟು ತಂದ ಈ ಬಿಳಿ ಪ್ಲಾಸ್ಟಿಕ್ ಡಬ್ಬಿ ಎಂಟು ತಿಂಗಳಿಂದ ನನ್ನ ಕೀಬೋರ್ಡ್ ಪಕ್ಕ ಕೂತಿದೆ. ಅಡುಗೆಗೆ ಇದು ಹೇಗೆ ಅಂತ ಕೇಳಿದರೆ ಗೊತ್ತಿಲ್ಲ. ಬೇಜಾರಿನ ಕೆಲಸಕ್ಕೆ ಹೇಗೆ ಅಂತ ಕೇಳಿದರೆ ಹೇಳುವುದು ಸ್ವಲ್ಪ ಇದೆ.

ಕೆಲಸ ಎಂಥದ್ದು ಅಂತ ಮೊದಲು ಹೇಳಬೇಕು. ಹಾರ್ಡ್‌ವೇರ್ ಅಂಗಡಿಯವರು, ಬಟ್ಟೆ ಅಂಗಡಿಯವರು, ಗೊಬ್ಬರದವರು ತಿಂಗಳ ಬಿಲ್ಲುಗಳನ್ನೆಲ್ಲ ಒಂದು ಸೀರೆ ಕವರಿಗೆ ತುಂಬಿ ತಂದು ಕೊಡುತ್ತಾರೆ. ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿ ತೆಗೆ, ಎಫ್9 ಒತ್ತು, ಬಿಲ್ ನಂಬರ್, ತಾರೀಖು, ಪಾರ್ಟಿ ಹೆಸರು, ಮೊತ್ತ, ಟ್ಯಾಕ್ಸು, ಕಂಟ್ರೋಲ್ ಎ ಒತ್ತಿ ಸೇವ್. ಮುಂದಿನ ಬಿಲ್ಲು. ಮತ್ತೆ ಮೊದಲಿಂದ. 11ನೇ ತಾರೀಖಿಗೆ ಜಿಎಸ್‌ಟಿಆರ್ 1, ಅಂದರೆ ಮಾರಾಟದ ಪಟ್ಟಿ ಹೋಗಬೇಕು, 14ಕ್ಕೆ 2ಬಿ, ಅಂದರೆ ಮಾರಿದವರು ತೋರಿಸಿದ ನಮ್ಮ ಖರೀದಿಯ ಟ್ಯಾಕ್ಸಿನ ಪಟ್ಟಿ ಬರುತ್ತದೆ, ಅದರ ಜೊತೆ ನಮ್ಮ ಲೆಕ್ಕ ತಾಳೆ ನೋಡಿ 20ರೊಳಗೆ 3ಬಿ, ಅಂದರೆ ಟ್ಯಾಕ್ಸು ಕಟ್ಟುವ ತಿಂಗಳ ರಿಟರ್ನ್ ಹಾಕಬೇಕು, ತಡವಾದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಆಮೇಲೆ ನಮ್ಮ ಪಾರ್ಟಿಯವರ, ಅಂದರೆ ಆ ಅಂಗಡಿಯವರ, ಮುಖ ನೋಡುವ ಹಾಗಿಲ್ಲ. 20 ದಾಟಿತು, ಉಸ್ಸಪ್ಪಾ ಅಂದರೆ 21ಕ್ಕೆ ಬಾಗಿಲಲ್ಲಿ ಇನ್ನೊಂದು ಸೀರೆ ಕವರ್. ಜುಲೈ 2017ರಲ್ಲಿ ಜಿಎಸ್‌ಟಿ ಬಂದಾಗಿನಿಂದ ಈ ಗಾಣ ಒಂದಲ್ಲ ಒಂದು ರೀತಿ ತಿರುಗುತ್ತಲೇ ಇದೆ.

ನಮ್ಮ ತಾತ ಇದೇ ಊರಿನ ಕಾಟನ್ ಮಿಲ್ಲಿನಲ್ಲಿದ್ದರು. ಅದೂ ಒಂದೇ ಥರದ ಕೆಲಸವೇ, ನನ್ನದಕ್ಕಿಂತ ಕಷ್ಟದ್ದು. ಆದರೆ ಸೈರನ್ ಕೂಗಿದರೆ ಮುಗಿಯಿತು, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಗೆ ಬರುತ್ತಿದ್ದರಂತೆ. ಮುಗಿಯಿತು ಅಂತ ಹೇಳುವುದಕ್ಕೆ ಒಂದು ಶಬ್ದ ಇತ್ತು. ನನಗೆ ಕೆಲಸ ಕಷ್ಟ ಅನ್ನಿಸುವುದಿಲ್ಲ, ಮುಗಿಯುವುದೇ ಇಲ್ಲವಲ್ಲ ಅನ್ನುವುದೇ ಸುಸ್ತು. ಈ ಟೈಮರ್ ತಂದಿದ್ದು ಆ ಶಬ್ದಕ್ಕೆ ಅಂತ ಈಗ ಅನ್ನಿಸುತ್ತದೆ. ತರುವಾಗ ಅಷ್ಟೆಲ್ಲ ಯೋಚನೆ ಇರಲಿಲ್ಲ ಬಿಡಿ.

ಇದಕ್ಕೂ ಮುಂಚೆ ಏನೇನೋ ಮಾಡಿದ್ದೆ. ಬೆಳಿಗ್ಗೆ ಬಸ್ಸಿನಲ್ಲಿ ಹುರುಪು ತುಂಬುವ ವಿಡಿಯೋಗಳು. ಅವು ಆಫೀಸಿನ ಮೆಟ್ಟಿಲು ಹತ್ತುವಷ್ಟರಲ್ಲಿ ಇಳಿದುಹೋಗುತ್ತಿದ್ದವು. ಇಯರ್‌ಫೋನ್ ಹಾಕಿಕೊಂಡು ಹಾಡು ಕೇಳುತ್ತಾ ಎಂಟ್ರಿ ಮಾಡಿದೆ, ಕೈ ಚುರುಕಾಯಿತು, ತಪ್ಪೂ ಚುರುಕಾಯಿತು. ಫೋನಿನಲ್ಲಿ ಟೈಮರ್ ಆ್ಯಪ್ ಹಾಕಿಕೊಂಡೆ. ಅದನ್ನು ಒತ್ತಲು ಫೋನ್ ಎತ್ತಬೇಕು, ಫೋನ್ ಎತ್ತಿದರೆ ವಾಟ್ಸಾಪಿನಲ್ಲಿ ಅತ್ತಿಗೆ ಕಳಿಸಿದ ಫೋಟೋ, ಅಲ್ಲಿಂದ ಇನ್ನೇನೋ, ಹತ್ತು ನಿಮಿಷ ಅಲ್ಲೇ ಹೋಯಿತು. ಈ ಡಬ್ಬಿಯ ದೊಡ್ಡ ಗುಣವೇ ಅದು, ಅದರೊಳಗೆ ಬೇರೇನೂ ಇಲ್ಲ. ಸೆಲ್ಲು ಬೇಡ, ಚಾರ್ಜು ಬೇಡ. ತಿರುಗಿಸಿದರೆ ಒಳಗಿನ ಸ್ಪ್ರಿಂಗ್ ಬಿಗಿಯಾಗುತ್ತದೆ, ಅದು ಬಿಚ್ಚಿಕೊಳ್ಳುತ್ತಾ ಹಲ್ಲಿನ ಚಕ್ರಗಳನ್ನು ತಿರುಗಿಸುತ್ತದೆ, ಸೊನ್ನೆಗೆ ಬಂದಾಗ ಗಂಟೆಗೆ ಬಡಿಯುತ್ತದೆ. ಅಷ್ಟೇ.

25 ನಿಮಿಷ ಕೆಲಸ, 5 ನಿಮಿಷ ಬಿಡುವು, ಇಂಥ ನಾಲ್ಕು ಆದಮೇಲೆ 15ರಿಂದ 30 ನಿಮಿಷದ ದೊಡ್ಡ ಬಿಡುವು ಅನ್ನುವ ಲೆಕ್ಕ ನಿಮಗೂ ಗೊತ್ತಿರಬಹುದು. ಇಟಲಿಯ ಫ್ರಾನ್ಸೆಸ್ಕೊ ಚಿರಿಲ್ಲೊ 1980ರ ದಶಕದ ಕೊನೆಯಲ್ಲಿ ಕಾಲೇಜಿನಲ್ಲಿ ಓದುವಾಗ ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು ಮಾಡಿದ್ದು. ಪೊಮೊಡೊರೊ ಅಂದರೆ ಅವರ ಭಾಷೆಯಲ್ಲಿ ಟೊಮೆಟೊ, ಹೆಸರು ಬಂದಿದ್ದೇ ಹಾಗೆ. ಅವರ ನಿಯಮದಲ್ಲಿ ಆ 25 ನಿಮಿಷವನ್ನು ತುಂಡು ಮಾಡುವ ಹಾಗಿಲ್ಲ, ನಡುವೆ ಕೆಲಸ ಬಿಟ್ಟರೆ ಅದು ಲೆಕ್ಕಕ್ಕಿಲ್ಲ, ಮತ್ತೆ ಮೊದಲಿಂದ ಶುರು. ಒಬ್ಬರೇ ಕೂತು ಓದುವವರಿಗೆ ಸರಿ ಇರಬಹುದು. ನಮ್ಮಲ್ಲಿ ಅದನ್ನು ಪಾಲಿಸಿದರೆ ಇಡೀ ದಿನ ಶುರು ಮಾಡುವುದೇ ಆಗುತ್ತದೆ. ಹನ್ನೆರಡನೇ ನಿಮಿಷಕ್ಕೆ ಗೊಬ್ಬರದಂಗಡಿಯ ಸಾಹುಕಾರರು ಫೋನ್ ಮಾಡಿ "ಏನವಾ, ನಮ್ದು ಎಷ್ಟು ಕಟ್ಟಬೇಕು ಹೇಳು" ಅಂದರೆ ಟೊಮೆಟೊ ಮುಗಿಯಲಿ ಇರಿ ಅನ್ನಲಾಗುತ್ತದೆಯೇ? ನಾನು ಆ ನಿಯಮ ಬಿಟ್ಟೆ. ಟೈಮರ್ ತನ್ನ ಪಾಡಿಗೆ ಓಡುತ್ತಿರುತ್ತದೆ, ಗಂಟೆ ಹೊಡೆದರೆ ಒಂದು ರೌಂಡು.

ಮೊದಲ ದಿನದ ಕಥೆ ಹೇಳಲೇಬೇಕು. ಸಾರ್ ಒಳಗೆ ಪಾರ್ಟಿಯ ಜೊತೆ ನೋಟಿಸಿನ ವಿಷಯ ಮಾತಾಡುತ್ತಿದ್ದರು, ಎಲ್ಲರೂ ಗಪ್‌ಚುಪ್, ಆಗ ಇದು ಟ್ರಿಣ್‌ಣ್‌ಣ್ ಅಂತು. ಸಾರ್ ಹೊರಗೆ ಬಂದು "ಯಾರಮ್ಮಾ ಅದು, ಕುಕ್ಕರ್ ಇಟ್ಟಿದೀರಾ?" ಅಂದರು. ಶಬ್ದ ಜೋರೇ, ಕಮ್ಮಿ ಮಾಡುವ ಗುಂಡಿ ಇಲ್ಲ. ಟಿಕ್ ಟಿಕ್ ಕೂಡ ಪಕ್ಕದ ಟೇಬಲ್ಲಿಗೆ ಕೇಳುತ್ತದೆ. ಹಳೆಯ ಮೌಸ್ ಪ್ಯಾಡ್ ಎರಡು ಮಡಿಕೆ ಮಾಡಿ ಅಡಿಗೆ ಇಟ್ಟ ಮೇಲೆ ಅರ್ಧಕ್ಕೆ ಇಳಿಯಿತು. ನಿಮ್ಮ ಆಫೀಸು ತೀರಾ ನಿಶ್ಶಬ್ದವಾಗಿದ್ದರೆ ಇದು ಬೇಡ, ಬೈಸಿಕೊಳ್ಳುತ್ತೀರಿ.

ಇನ್ನೊಂದು, ಬಾಕ್ಸಿನ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಯಾರೂ ಓದುವುದಿಲ್ಲ. 5 ನಿಮಿಷ ಬೇಕಾದರೆ ನೇರವಾಗಿ 5ಕ್ಕೆ ತಿರುಗಿಸಬಾರದು. ಮೊದಲು ಮುಂದೆ, ಹೆಚ್ಚು ಕಮ್ಮಿ ಅರ್ಧ ಸುತ್ತು ತಿರುಗಿಸಿ, ಆಮೇಲೆ ವಾಪಸ್ 5ಕ್ಕೆ ತರಬೇಕು. ಇಲ್ಲದಿದ್ದರೆ ಸ್ಪ್ರಿಂಗಿಗೆ ಬಿಗಿ ಸಾಲದೆ ಗಂಟೆ ಹೊಡೆಯುವುದೇ ಇಲ್ಲ. ಮೊದಲ ವಾರ ನನ್ನ 5 ನಿಮಿಷದ ಬಿಡುವು ಒಮ್ಮೆ 20 ನಿಮಿಷ ಆಗಿದ್ದು ಇದರಿಂದಲೇ, ನಾನು ಗಂಟೆಗೆ ಕಾಯುತ್ತಾ ಕೂತಿದ್ದೆ. ಸಮಯವೂ ಕರಾರುವಾಕ್ ಅಲ್ಲ. ಗೋಡೆ ಗಡಿಯಾರದ ಜೊತೆ ಹೋಲಿಸಿ ನೋಡಿದೆ, ನನ್ನದು 25 ಅಂದರೆ ಇಪ್ಪತ್ತಾರೂವರೆ. ಬಿಲ್ ಎಂಟ್ರಿಗೆ ಪರವಾಗಿಲ್ಲ, ಕೇಕ್ ಮಾಡುವವರು ನೋಡಿಕೊಳ್ಳಿ.

ಉಪಯೋಗ ಆಯಿತಾ? ಮೊದಲ ತಿಂಗಳು ಬಹಳ ಆಯಿತು, ಎರಡನೇ ತಿಂಗಳು ಅದೇ ಮುಳುವಾಯಿತು. ಆಗಿದ್ದು ಇಷ್ಟೇ. ಒಂದು ರೌಂಡಿಗೆ ಎಷ್ಟು ಬಿಲ್ಲು ಅಂತ ಹಾಳೆಯ ಮೇಲೆ ಬರೆಯಲು ಶುರು ಮಾಡಿದೆ. 18, 21, 24. ನಿನ್ನೆಗಿಂತ ಇವತ್ತು ಜಾಸ್ತಿ ಆದರೆ ಒಂಥರಾ ಖುಷಿ, ಮೊಬೈಲಿನಲ್ಲಿ ಗೇಮ್ ಆಡಿದ ಹಾಗೆ. ಒಂದು ದಿನ 31 ಮಾಡಿದೆ. ಮಧ್ಯಾಹ್ನ ಬೆಣ್ಣೆ ದೋಸೆ ತಿಂದು ನನಗೆ ನಾನೇ ಸನ್ಮಾನ ಮಾಡಿಕೊಂಡೆ. ಆ ತಿಂಗಳ 14ಕ್ಕೆ 2ಬಿ ಇಳಿಸಿ ತಾಳೆ ನೋಡಿದರೆ ಎಲ್ಲಿ ನೋಡಿದರೂ ಹೊಂದುತ್ತಿಲ್ಲ. ಅಲ್ಲಿ ಟ್ಯಾಕ್ಸು 4,635, ನಮ್ಮಲ್ಲಿ 4,365. ವ್ಯತ್ಯಾಸ 270. ಲೆಕ್ಕ ಬರೆಯುವವರಿಗೆ ಇದು ಗೊತ್ತು, ವ್ಯತ್ಯಾಸ 9ರಿಂದ ಭಾಗ ಹೋದರೆ ಅಂಕಿ ಹಿಂದೆ ಮುಂದೆ ಆಗಿದೆಯಾ ಅಂತ ಮೊದಲು ನೋಡಬೇಕು. ಅಂಥವು ಹನ್ನೊಂದು ಸಿಕ್ಕವು, ಬಹುಪಾಲು ನನ್ನ ದಾಖಲೆಯ ದಿನದ್ದೇ. ಹುಡುಕಿ ತಿದ್ದಲು ಒಂದೂವರೆ ದಿನ ಹೋಯಿತು. ಅಂದರೆ ನಾನು ಓಡಿ ಗಳಿಸಿದ್ದೇನು? ಏನೂ ಇಲ್ಲ. ಹಾಳೆ ಹರಿದು ಹಾಕಿದೆ. ಈಗ ಬಿಲ್ಲು ಎಣಿಸುವುದಿಲ್ಲ, ಟೈಮರ್ ಎಷ್ಟು ಸಲ ಗಂಟೆ ಹೊಡೆಯಿತು ಅಂತ ಮಾತ್ರ ಎಣಿಸುತ್ತೇನೆ. ಟೈಮರ್ ತಗೊಳ್ಳುವವರು ಈ ಒಂದು ವಿಷಯ ನೆನಪಿಡಿ, ತಪ್ಪಿಗೆ ಬೆಲೆ ತೆರಬೇಕಾದ ಕೆಲಸದಲ್ಲಿ ಸ್ಪೀಡಿನ ಆಟ ಆಡಬೇಡಿ.

ಅದರ ಬದಲು ಇನ್ನೊಂದು ಆಟ ಹಿಡಿದಿದ್ದೇನೆ, ಇದಕ್ಕೆ ಟೈಮರ್ ಕೂಡ ಬೇಡ. ಜಿಎಸ್‌ಟಿ ನಂಬರ್ 15 ಅಕ್ಷರದ್ದು. ಮೊದಲ ಎರಡು ರಾಜ್ಯ, ನಮ್ಮದು 29. 24 ಕಂಡರೆ ಗುಜರಾತು, ಸೂರತ್ತಿನ ಸೀರೆ ಇರಬೇಕು. 33 ಕಂಡರೆ ತಮಿಳುನಾಡು, ತಿರುಪ್ಪೂರಿನ ಬನಿಯನ್. ಆಮೇಲಿನ ಹತ್ತು ಪ್ಯಾನ್ ನಂಬರ್, ಅದರಲ್ಲಿ ನಾಲ್ಕನೆಯದು ಪಿ ಆದರೆ ಒಬ್ಬ ವ್ಯಕ್ತಿ, ಎಫ್ ಆದರೆ ಪಾಲುದಾರಿಕೆ, ಸಿ ಆದರೆ ಕಂಪನಿ. ಐದನೆಯ ಅಕ್ಷರ ಅವರ ಸರ್‌ನೇಮಿನದೋ ಕಂಪನಿ ಹೆಸರಿನದೋ ಮೊದಲ ಅಕ್ಷರ. ಬಿಲ್ಲಿನ ತಲೆಬರಹ ಕೈಯಿಂದ ಮುಚ್ಚಿ, ನಂಬರ್ ಮಾತ್ರ ನೋಡಿ, ಇದು ಯಾರದ್ದು ಅಂತ ಊಹಿಸುತ್ತೇನೆ. ಹುಚ್ಚು ಅನ್ನಿಸಬಹುದು. ಆದರೆ ಇದರಲ್ಲಿ ನಂಬರನ್ನು ನಿಜವಾಗಿ ಓದಲೇಬೇಕಾಗುತ್ತದೆ, ಹಾಗಾಗಿ ತಪ್ಪು ಕಮ್ಮಿ. ಹಾರ್ಡ್‌ವೇರ್ ಅಂಗಡಿಯವರ ಕವರಿನಲ್ಲಿ ಸೂರತ್ತಿನ ಬಿಲ್ಲು ಯಾಕಿದೆ ಅಂತ ಒಮ್ಮೆ ಹಿಡಿದೆ ಕೂಡ, ಮನೆ ಮದುವೆಯ ಸೀರೆ ಬಿಲ್ಲು, ಅಂಗಡಿ ಲೆಕ್ಕಕ್ಕೆ ಬಂದು ಕೂತಿತ್ತು.

ಬಿಡುವಿನ 5 ನಿಮಿಷದ ವಿಷಯ. ಆ ಹೊತ್ತಿಗೆ ಫೋನ್ ಡ್ರಾಯರಿನಲ್ಲಿ. ನೀರಿನ ಬಾಟಲಿ ಹಿಡಿದು ಟೆರೇಸ್ ಹತ್ತುತ್ತೇನೆ. ದೂರದಲ್ಲಿ ಮಂಡಕ್ಕಿ ಭಟ್ಟಿಗಳ ಹೊಗೆ ಕಾಣುತ್ತದೆ, ಯಾರೋ ಬಟ್ಟೆ ಒಣಗಿಸುತ್ತಿರುತ್ತಾರೆ, ನೋಡಲು ವಿಶೇಷ ಏನೂ ಇಲ್ಲ. ಸ್ಕ್ರೀನ್ ನೋಡಿ ನೋಡಿ ಉರಿಯುವ ಕಣ್ಣಿಗೆ ದೂರದ್ದು ಏನಾದರೂ ಬೇಕು, ಅಷ್ಟೇ. ಮೊದಮೊದಲು ಸಾರ್ ಹುಬ್ಬು ಗಂಟಿಕ್ಕುತ್ತಿದ್ದರು. 20ನೇ ತಾರೀಖು ರಾತ್ರಿ ಎಂಟರ ತನಕ ಕೂರುತ್ತೇನಲ್ಲ, ಅದು ಅವರಿಗೂ ನೆನಪಿರಬೇಕು, ಬಾಯಿಬಿಟ್ಟು ಏನೂ ಅಂದಿಲ್ಲ.

ಇದರಿಂದ ಆಗದ್ದೂ ಹೇಳುತ್ತೇನೆ. ಕೆಲಸ ಇಷ್ಟ ಆಗುವ ಹಾಗೆ ಇದು ಮಾಡುವುದಿಲ್ಲ. ಎರಡು ವರ್ಷದಿಂದ ಸಂಬಳ ಜಾಸ್ತಿ ಆಗಿಲ್ಲ ಅನ್ನುವ ಬೇಜಾರು ಇದ್ದರೆ ಗಂಟೆ ಹೊಡೆದು ಏನು ಪ್ರಯೋಜನ, ಅದಕ್ಕೆ ಸಾರ್ ಹತ್ತಿರ ಮಾತಾಡಬೇಕು (ಮಾತಾಡಿದೆ, ಯುಗಾದಿ ಆದಮೇಲೆ ನೋಡೋಣ ಅಂದಿದ್ದಾರೆ). 18, 19, 20ನೇ ತಾರೀಖುಗಳಲ್ಲಿ ನಾನೇ ಇದನ್ನು ಮುಟ್ಟುವುದಿಲ್ಲ. ಆ ಮೂರು ದಿನ ಜಿಎಸ್‌ಟಿ ಪೋರ್ಟಲ್ ಓಡಿದಾಗ ನಾವೂ ಓಡಬೇಕು, ನಿಂತಾಗ ನಾವೂ ನಿಲ್ಲಬೇಕು. ಉಳಿದ ದಿನ ಊಟಕ್ಕೆ ಮುಂಚೆ ನಾಲ್ಕು ರೌಂಡು, ಊಟ ಆದಮೇಲೆ ಐದು. ಸಂಜೆ ಐದನೆಯ ರೌಂಡಿನ ಗಂಟೆ ಹೊಡೆದರೆ ಕವರಿನಲ್ಲಿ ಎಷ್ಟೇ ಬಿಲ್ಲು ಉಳಿದಿರಲಿ, ರಬ್ಬರ್ ಬ್ಯಾಂಡ್ ಹಾಕಿ ಎತ್ತಿಡುತ್ತೇನೆ.

ಅಂಕ ಕೊಡಬೇಕಾದರೆ 5ಕ್ಕೆ ಮೂರೂವರೆ. ಶಬ್ದ ಜೋರಾಗಿದ್ದಕ್ಕೆ ಒಂದು ಅಂಕ ಕಳೆದೆ, 25 ನಿಮಿಷಕ್ಕೆ ಹೆಚ್ಚಾಗಿ ಓಡುವ ಆ ಒಂದೂವರೆ ನಿಮಿಷಕ್ಕೆ ಅರ್ಧ.

ತಗೊಳ್ಳುವವರಿಗೆ: ಪಾತ್ರೆ ಅಂಗಡಿಯಲ್ಲಿ ಸುಮ್ನೆ ಅಲೆಯಬೇಡಿ, ನಾನು ಮೂರು ಕಡೆ ಕೇಳಿದೆ, ಸ್ಟಾಪ್‌ವಾಚ್ ತೋರಿಸಿದರು. ಕೇಕ್ ಸಾಮಾನು ಮಾರುವ ಅಂಗಡಿಯಲ್ಲಿ ಸಿಕ್ಕಿತು. ಟೊಮೆಟೊ, ಮೊಟ್ಟೆ ಆಕಾರದವು ನೋಡಲು ಚೆನ್ನ, ಆದರೆ ಫೈಲು ತಗುಲಿದರೆ ಉರುಳುತ್ತವೆ, ಚಪ್ಪಟೆ ತಳದ್ದೇ ತಗೊಳ್ಳಿ. ಹಿಂದೆ ಮ್ಯಾಗ್ನೆಟ್ ಇರುವುದು ಸಿಕ್ಕರೆ ಇನ್ನೂ ಒಳ್ಳೆಯದು, ಬೀರುವಿಗೆ ಅಂಟಿಸಬಹುದು. ಅಂಗಡಿಯಲ್ಲೇ ಪೂರ್ತಿ ಒಂದು ಸುತ್ತು ತಿರುಗಿಸಿ, ವಾಪಸ್ 2 ನಿಮಿಷಕ್ಕೆ ತಂದು, ಗಂಟೆ ಹೊಡೆಯುವ ತನಕ ನಿಂತು ನೋಡಿ, ಆಮೇಲೆ ದುಡ್ಡು ಕೊಡಿ.