ಎಡುವಾರ್ಡ್ ಎಸ್.ಇ.5ಎ: ತಂತಿ ಕಟ್ಟುವ ತಾಳ್ಮೆಗೆ ತಕ್ಕ ಕಿಟ್

ಮೊದಲ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಎಸ್.ಇ.5ಎಯನ್ನು 1:48 ಪ್ರಮಾಣದ ಪ್ಲಾಸ್ಟಿಕ್ ಮಾದರಿಯಾಗಿ ಕಟ್ಟಬಯಸುವವರಿಗೆ ಜೆಕ್ ದೇಶದ ಎಡುವಾರ್ಡ್ ಸಂಸ್ಥೆಯ ಪ್ರೊಫಿಪ್ಯಾಕ್ ಕಿಟ್ಟನ್ನು ನಾನು ಹಿಂಜರಿಕೆಯಿಲ್ಲದೆ ಸೂಚಿಸುತ್ತೇನೆ. ಆದರೆ ಕೊಳ್ಳುವ ಮುನ್ನವೇ ಒಂದು ಸಂಗತಿ ತಿಳಿದಿರಬೇಕು. ಎರಡು ರೆಕ್ಕೆಗಳ ನಡುವೆ ಹಾಯುವ ತಂತಿಗಳಿಗೆ ಬೇಕಾದ ದಾರವನ್ನು ಪೆಟ್ಟಿಗೆಯಲ್ಲಿ ಕೊಟ್ಟಿರುವುದಿಲ್ಲ. ತಂತಿಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆ ಎಂಬ ನಕ್ಷೆಯಷ್ಟೇ ಸಿಗುತ್ತದೆ. ಆ ತಂತಿಗಳನ್ನು ಕಟ್ಟುವ ಕೆಲಸಕ್ಕೆ ಈ ಕಿಟ್ ಎಷ್ಟರಮಟ್ಟಿಗೆ ಒದಗಿಬರುತ್ತದೆ ಎಂಬುದೇ ಈ ವಿಮರ್ಶೆಯ ಮುಖ್ಯ ವಿಷಯ, ಏಕೆಂದರೆ ಬೈಪ್ಲೇನಿನ, ಅಂದರೆ ಒಂದರ ಮೇಲೊಂದು ರೆಕ್ಕೆಯಿರುವ ವಿಮಾನದ, ಅಂದವೂ ಅದರ ಎಂಜಿನಿಯರಿಂಗೂ ಕೂಡಿಕೊಂಡಿರುವುದು ಅಲ್ಲಿಯೇ.

ಈ ವಿಮಾನವನ್ನು ನಾನು ಆರಿಸಿಕೊಂಡದ್ದು ಇಂದ್ರ ಲಾಲ್ ರಾಯ್ ಅವರ ಕಾರಣದಿಂದ. 1898ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ರಾಯ್ ಅವರು 40ನೇ ಸ್ಕ್ವಾಡ್ರನ್ನಿನಲ್ಲಿದ್ದುಕೊಂಡು 1918ರ ಜುಲೈ ತಿಂಗಳಲ್ಲಿ, ಎರಡು ವಾರಕ್ಕೂ ಕಡಿಮೆ ಅವಧಿಯಲ್ಲಿ, ಹತ್ತು ವಾಯುವಿಜಯಗಳನ್ನು ಗಳಿಸಿದ್ದು ಎಸ್.ಇ.5ಎಯಲ್ಲಿಯೇ. ಅದೇ ತಿಂಗಳ 22ರಂದು ಅವರು ಕಾದಾಟದಲ್ಲಿ ಮಡಿದರು. ಆಗ ಅವರಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಎಂಬ ಬ್ರಿಟಿಷ್ ಶೌರ್ಯಪದಕ ಪಡೆದ ಮೊದಲ ಭಾರತೀಯರು ಅವರು. ಅಂಥವರೊಬ್ಬರು ಕುಳಿತಿದ್ದ ಆಸನ, ಅವರ ಕಣ್ಣೆದುರಿಗಿದ್ದ ಉಪಕರಣ ಫಲಕ, ತಲೆಯ ಮೇಲಿದ್ದ ಬಂದೂಕು ಇವೆಲ್ಲ ಹೇಗಿದ್ದವು ಎಂಬುದನ್ನು ಕೈಯಾರೆ ಕಟ್ಟಿ ತಿಳಿಯಬೇಕೆಂಬ ಆಸೆ ನನಗೆ ಬಹುಕಾಲದಿಂದ ಇತ್ತು.

ನಿಜವಾದ ವಿಮಾನದ ರೆಕ್ಕೆಯ ಹರಹು 8.11 ಮೀಟರ್, ಮಾದರಿಯಲ್ಲಿ ಅದು ಸುಮಾರು 169 ಮಿ.ಮೀ. ಆಗುತ್ತದೆ, ಅಂದರೆ ಅಂಗೈಯ ಮೇಲೆ ಕೂರುವಷ್ಟು. ಪ್ಲಾಸ್ಟಿಕ್ಕಿನ ಅಚ್ಚು ಬಹಳ ಚೊಕ್ಕಟವಾಗಿದೆ. ರೆಕ್ಕೆಯ ಮೇಲಿನ ಬಟ್ಟೆ ಒಳಗಿನ ಪಕ್ಕೆಲುಬುಗಳ ಮೇಲೆ ಬಿಗಿಯಾಗಿ ಕುಳಿತ ಬಗೆಯನ್ನು ಅತಿರೇಕವಿಲ್ಲದೆ ಮೂಡಿಸಿದ್ದಾರೆ. ಅನೇಕ ಹಳೆಯ ಕಿಟ್‌ಗಳಲ್ಲಿ ಬಟ್ಟೆ ಹಗ್ಗದ ಮಂಚದಂತೆ ಜೋತುಬಿದ್ದು ಕಾಣುತ್ತಿತ್ತು. ಡೋಪ್ ಎಂಬ ಬಿಗಿಗೊಳಿಸುವ ಲೇಪ ಬಳಿದ ಲಿನನ್ ಬಟ್ಟೆ ಎಂದೂ ಹಾಗೆ ಕಾಣುವುದಿಲ್ಲ. ಪ್ರೊಫಿಪ್ಯಾಕ್ ಆವೃತ್ತಿಯಲ್ಲಿ ಮೊದಲೇ ಬಣ್ಣ ಹಚ್ಚಿದ ಫೋಟೊ ಎಚ್ ಲೋಹದ ಹಾಳೆಯೂ (ಸಣ್ಣ ಭಾಗಗಳನ್ನು ರಾಸಾಯನಿಕದಿಂದ ಕೊರೆದ ತೆಳು ಹಾಳೆ) ಬಣ್ಣ ಬಳಿಯುವಾಗ ಅಂಟಿಸುವ ಮಾಸ್ಕ್‌ಗಳೂ ಇರುತ್ತವೆ. ಕಾಕ್‌ಪಿಟ್ಟಿನ ಸೊಂಟಪಟ್ಟಿಗೆ ಲೋಹದ ಹಾಳೆಯನ್ನು ಬಳಸುವುದು ಸರಿಯೇ, ಆದರೆ ಅದನ್ನು ಮಡಿಸುವ ಮುನ್ನ ಮೋಂಬತ್ತಿಯ ಜ್ವಾಲೆಯ ಮೇಲೆ ಒಂದು ಗಳಿಗೆ ಹಿಡಿದು ಮೆದುವಾಗಿಸಿದರೆ ಬಟ್ಟೆಯ ಪಟ್ಟಿಯಂತೆ ಬಾಗುತ್ತದೆ. ಬಣ್ಣ ಹಚ್ಚಿದ ಭಾಗಗಳಿಗೆ ಮಾತ್ರ ಈ ಉಪಾಯ ಸಲ್ಲದು, ಬಣ್ಣ ಸುಟ್ಟುಹೋಗುತ್ತದೆ.

ಎಂಜಿನ್ನಿನ ವಿಷಯದಲ್ಲಿ ಕೊಳ್ಳುವವರು ಪೆಟ್ಟಿಗೆಯ ಮೇಲಿನ ಹೆಸರನ್ನು ಗಮನಿಸಬೇಕು. ಹಿಸ್ಪಾನೊ-ಸ್ವೀಜಾ ಎಂಜಿನ್ನಿನ ವಿಮಾನಕ್ಕೂ ವೂಲ್ಸ್‌ಲಿ ವೈಪರ್ ಎಂಜಿನ್ನಿನ ವಿಮಾನಕ್ಕೂ ಎಡುವಾರ್ಡ್ ಬೇರೆ ಬೇರೆ ಪೆಟ್ಟಿಗೆಗಳನ್ನು ತಂದಿದೆ. ಗೇರ್ ಇರುವ ಹಿಸ್ಪಾನೊಗೆ ಸಾಮಾನ್ಯವಾಗಿ ನಾಲ್ಕು ಅಲಗಿನ ಪ್ರೊಪೆಲ್ಲರ್, ವೈಪರ್‌ಗೆ ಎರಡು ಅಲಗಿನದು. ಒಬ್ಬ ನಿರ್ದಿಷ್ಟ ಪೈಲಟ್‌ನ ವಿಮಾನವನ್ನು ಕಟ್ಟುವವರು ಮೊದಲು ಚಿತ್ರ ನೋಡಿ ಆ ಬಳಿಕ ಪೆಟ್ಟಿಗೆ ಆರಿಸಿಕೊಳ್ಳುವುದು ಒಳ್ಳೆಯದು.

ಇನ್ನು ತಂತಿಗಳ ವಿಚಾರ. ನಮ್ಮ ಹವ್ಯಾಸಿಗಳಲ್ಲಿ ಹಲವರು ರಿಗ್ಗಿಂಗನ್ನು, ಅಂದರೆ ಈ ತಂತಿ ಕಟ್ಟುವ ಕೆಲಸವನ್ನು, ಕೊನೆಯ ಅಲಂಕಾರವೆಂದು ಭಾವಿಸಿ, ನಕ್ಷೆಯಲ್ಲಿ ಗೆರೆ ಎಲ್ಲಿದೆಯೋ ಅಲ್ಲಿಗೆ ದಾರ ಎಳೆದು ಮುಗಿಸುತ್ತಾರೆ. ಹಾಗೆ ಮಾಡಿದಾಗ ತಪ್ಪುಗಳು ಆಗಿಯೇ ಆಗುತ್ತವೆ, ಏಕೆಂದರೆ ಪ್ರತಿಯೊಂದು ತಂತಿಗೂ ಒಂದು ಹೊರೆ ಇದೆ, ಆ ಹೊರೆಯನ್ನು ಅರಿಯದೆ ತಂತಿಯ ದಪ್ಪವಾಗಲಿ ಕೊನೆಯ ಕಟ್ಟಾಗಲಿ ತಿಳಿಯುವುದಿಲ್ಲ. ಒಡಲಿನ ಬುಡದಿಂದ ಹೊರಟು ಮೇಲ್ರೆಕ್ಕೆಯತ್ತ, ಹೊರಗಿನ ಸ್ಟ್ರಟ್‌ಗಳ (ರೆಕ್ಕೆಗಳನ್ನು ಆನಿಸುವ ಕಂಬಗಳ) ತಲೆಗೆ ಏರುವ ತಂತಿಗಳು ಫ್ಲೈಯಿಂಗ್ ವೈರ್‌ಗಳು. ಹಾರುವಾಗ ರೆಕ್ಕೆಗಳು ಮೇಲಕ್ಕೆ ಮಡಚಿಹೋಗದಂತೆ ಹಿಡಿಯುವುದು ಅವೇ, ಆದ್ದರಿಂದಲೇ ಎಸ್.ಇ.5ಎಯಲ್ಲಿ ಅವು ಜೋಡಿ ಜೋಡಿಯಾಗಿವೆ. ಒಡಲಿನ ಮೇಲಿನ ಸ್ಟ್ರಟ್‌ಗಳ ತಲೆಯಿಂದ ಕೆಳರೆಕ್ಕೆಯ ಕಡೆಗೆ ಇಳಿಯುವ ಲ್ಯಾಂಡಿಂಗ್ ವೈರ್‌ಗಳು ನೆಲದ ಮೇಲಿರುವಾಗ ರೆಕ್ಕೆಯ ಭಾರವನ್ನಷ್ಟೇ ಹೊರುತ್ತವೆ, ಅವು ಒಂಟಿ. ಮುಂದಿನ ಮತ್ತು ಹಿಂದಿನ ಸ್ಟ್ರಟ್‌ಗಳ ನಡುವೆ ಕತ್ತರಿಯಾಕಾರದಲ್ಲಿ ಹಾಯುವ ಇನ್ಸಿಡೆನ್ಸ್ ವೈರ್‌ಗಳು ರೆಕ್ಕೆ ತಿರುಚಿಕೊಳ್ಳದಂತೆ ಅದರ ಕೋನವನ್ನು ಕಾಯುತ್ತವೆ.

ಇದರ ಗಂಭೀರತೆ ಈ ವಿಮಾನದ ಚರಿತ್ರೆಯಲ್ಲೇ ಇದೆ. 1917ರ ಜನವರಿ 28ರಂದು ಫಾರ್ನ್‌ಬರೋದ ರಾಯಲ್ ಏರ್‌ಕ್ರಾಫ್ಟ್ ಫ್ಯಾಕ್ಟರಿಯ ಮುಖ್ಯ ಪರೀಕ್ಷಾ ಪೈಲಟ್ ಮೇಜರ್ ಫ್ರ್ಯಾಂಕ್ ಗುಡನ್ ಅವರು ಎಸ್.ಇ.5ಎಯ ಹಿಂದಿನ ರೂಪವಾದ ಎಸ್.ಇ.5ರ ಮೂಲಮಾದರಿಯೊಂದನ್ನು ಹಾರಿಸುತ್ತಿದ್ದಾಗ ರೆಕ್ಕೆ ಗಾಳಿಯಲ್ಲೇ ಮುರಿದು ಅವರು ತೀರಿಕೊಂಡರು. ಆ ಬಳಿಕ ರೆಕ್ಕೆಯ ಒಳಗಟ್ಟನ್ನು ಬಲಪಡಿಸಲಾಯಿತು, ಮತ್ತು ಮುಂದೆ ಎಸ್.ಇ.5ಎ ತನ್ನ ಗಟ್ಟಿತನಕ್ಕೇ ಹೆಸರಾಯಿತು. ಸ್ಟ್ರಟ್‌ಗೆ ತಂತಿ ಕೂಡುವ ಜಾಗವನ್ನು ಬೈರಿಗೆಯಿಂದ ಕೊರೆಯುವಾಗ ಈ ಘಟನೆ ನನ್ನ ಮನಸ್ಸಿನಲ್ಲಿ ಇರುತ್ತಿತ್ತು.

ಯಾವ ದಾರ ಬಳಸಬೇಕು ಎಂಬ ಪ್ರಶ್ನೆಗೂ ಉತ್ತರ ಫ್ಯಾಕ್ಟರಿಯಿಂದಲೇ ಸಿಗುತ್ತದೆ. ಬ್ರಿಟಿಷರು ಈ ವಿಮಾನದಲ್ಲಿ ಬಳಸಿದ್ದು ಹೆಣೆದ ದುಂಡು ಕೇಬಲ್ಲನ್ನಲ್ಲ. ಗಾಳಿಯನ್ನು ಸೀಳಲೆಂದು ಚಪ್ಪಟೆಯಾಗಿ, ಅಡ್ಡಕೊಯ್ತದಲ್ಲಿ ಮಸೂರದ ಆಕಾರಕ್ಕೆ ಬರುವಂತೆ ಮಾಡಿದ ಉಕ್ಕಿನ ತಂತಿಯನ್ನು. ಫ್ಯಾಕ್ಟರಿಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದಲೇ (ಆರ್.ಎ.ಎಫ್.) ಅದಕ್ಕೆ ರಾಫ್‌ವೈರ್ ಎಂಬ ಹೆಸರು ಬಂದಿತು. ಆದ್ದರಿಂದ ದುಂಡಾದ ಮೀನುಗಾಳದ ನೈಲಾನ್ ಎಳೆಗಿಂತ ಚಪ್ಪಟೆಯಾಗಿ ಹಿಗ್ಗುವ ಈಝಿ ಲೈನ್ ಎಂಬ ಎಲಾಸ್ಟಿಕ್ ದಾರ ಇಲ್ಲಿ ಹೆಚ್ಚು ಒಪ್ಪುತ್ತದೆ. ಅದರಲ್ಲಿ ಎರಡು ದಪ್ಪಗಳಿವೆ. ತೆಳುವಾದದ್ದು ಸುಮಾರು 0.08 ಮಿ.ಮೀ., ದಪ್ಪನೆಯದು ಸುಮಾರು 0.25 ಮಿ.ಮೀ. ದಪ್ಪನೆಯದನ್ನು 48ರಿಂದ ಗುಣಿಸಿದರೆ 12 ಮಿ.ಮೀ. ಆಗುತ್ತದೆ, ಈ ವಿಮಾನದ ತಂತಿಗೆ ಅದು ಬಹಳ ಹೆಚ್ಚಾಯಿತು. ಹಾಗಾಗಿ ತೆಳುವಾದದ್ದನ್ನೇ ತೆಗೆದುಕೊಳ್ಳಬೇಕು, ಮತ್ತು ಅಂಟಿಸುವಾಗ ದಾರ ಹುರಿಯಾಗದಂತೆ, ಅದರ ಚಪ್ಪಟೆ ಮೈ ಹಾರಾಟದ ದಿಕ್ಕಿಗೆ ಸಮಾನಾಂತರವಾಗಿ ನಿಲ್ಲುವಂತೆ ನೋಡಿಕೊಳ್ಳಬೇಕು. ಬೆಳಕು ಬಿದ್ದಾಗ ಒಂದು ಕಡೆಯಿಂದ ತಂತಿ ಹೊಳೆದು ಇನ್ನೊಂದು ಕಡೆಯಿಂದ ಮರೆಯಾಗುವುದನ್ನು ಕಂಡಾಗ ಪಟ್ಟ ಶ್ರಮ ಸಾರ್ಥಕವೆನಿಸುತ್ತದೆ.

ಇಲ್ಲಿಯೇ ಇನ್ನೊಂದು ಎಚ್ಚರಿಕೆ. ಬೈಪ್ಲೇನ್ ಎಂದರೆ ಟರ್ನ್‌ಬಕಲ್ (ತಿರುಗಿಸಿ ತಂತಿ ಬಿಗಿಮಾಡುವ ಕೊಂಡಿ) ಇರಲೇಬೇಕೆಂದುಕೊಂಡು ನಾನು ಲೋಹದ ಪುಟ್ಟ ಟರ್ನ್‌ಬಕಲ್‌ಗಳನ್ನು ಮೊದಲೇ ತರಿಸಿಕೊಂಡಿದ್ದೆ. ರಾಫ್‌ವೈರ್‌ನ ತುದಿಯಲ್ಲಿ ಟರ್ನ್‌ಬಕಲ್ ಇರುವುದಿಲ್ಲ. ತುದಿಯಲ್ಲಿ ಸ್ಕ್ರೂವಿನಂತೆ ಸುರುಳಿ ಗೆರೆ ಮಾಡಿ, ಕವಲಿನಂಥ ಕೊಂಡಿಯೊಳಗೆ ತಿರುಗಿಸಿ, ನಟ್ಟಿನಿಂದ ಬಿಗಿಯುತ್ತಾರೆ. ಹಾಗಾಗಿ ಟರ್ನ್‌ಬಕಲ್‌ಗಳು ಎಲೆರಾನ್ (ರೆಕ್ಕೆಯ ಹಿಂದಂಚಿನ ಅಲುಗಾಡುವ ಪಟ್ಟಿ) ಮತ್ತು ರಡರ್ (ಬಾಲದ ಚುಕ್ಕಾಣಿ) ನಡೆಸುವ ದುಂಡು ಕೇಬಲ್‌ಗಳಿಗೆ ಮಾತ್ರ ಸಲ್ಲುತ್ತವೆ. ಉಳಿದೆಡೆ 0.4 ಮಿ.ಮೀ. ಹೊರ ಅಳತೆಯ ಲೋಹದ ಕೊಳವೆಯನ್ನು ಎಳ್ಳಿನಷ್ಟು ಉದ್ದ ಕತ್ತರಿಸಿ ದಾರದ ತುದಿಗೆ ಪೋಣಿಸಿದರೆ ಸಾಕು. ಇಂಗ್ಲೆಂಡಿನ ಓಲ್ಡ್ ವಾರ್ಡನ್ನಿನ ಶಟಲ್‌ವರ್ತ್ ಸಂಗ್ರಹದಲ್ಲಿ ಎಫ್904 ಸಂಖ್ಯೆಯ ಎಸ್.ಇ.5ಎ ಈಗಲೂ ಹಾರುವ ಸ್ಥಿತಿಯಲ್ಲಿದೆ; ಅದರ ಹತ್ತಿರದ ಛಾಯಾಚಿತ್ರಗಳನ್ನು ನೋಡಿದ ಮೇಲೆಯೇ ನನಗೆ ಈ ವ್ಯತ್ಯಾಸ ಸ್ಪಷ್ಟವಾಯಿತು.

ಕಟ್ಟುವ ಕ್ರಮದ ಬಗ್ಗೆ ಹೇಳುವುದಾದರೆ, ರೆಕ್ಕೆಗಳನ್ನು ಕೂಡಿಸುವ ಮೊದಲೇ ಎಲ್ಲ ಬಣ್ಣವೂ ಡೆಕಾಲ್‌ಗಳೂ (ಅಂಟಿಸುವ ಗುರುತುಚಿತ್ರಗಳು) ಮುಗಿದಿರಬೇಕು. ಮೇಲ್ಮೈಗೆ ಪಿ.ಸಿ.10, ಅಂದರೆ ಕಾವಿಯಂಥ ಮಣ್ಣಿನ ಬಣ್ಣಕ್ಕೆ ಕಾಡಿಗೆ ಬೆರೆಸಿದಂಥ ಹಸಿರುಗಂದು. ಕೆಳಗೆ ಡೋಪ್ ಬಳಿದ ಲಿನನ್ನಿನ ಕೆನೆಬಣ್ಣ. ತಂತಿ ಕೂಡುವ ಕಡೆಗಳಲ್ಲಿ ಕೈಬೈರಿಗೆಯಿಂದ 0.3 ಮಿ.ಮೀ. ತೂತು ಕೊರೆದು, ದಾರದ ಒಂದು ತುದಿಯನ್ನು ಮೇಲ್ರೆಕ್ಕೆಗೆ ಅಂಟಿಸಿ ತೂಗಬಿಟ್ಟು, ಆಮೇಲೆ ರೆಕ್ಕೆಯನ್ನು ಕೂರಿಸಬೇಕು. ಈ ವಿಮಾನದ ರೆಕ್ಕೆಗಳು ಐದು ಡಿಗ್ರಿ ಮೇಲಕ್ಕೆ ಬಾಗಿರುವುದರಿಂದ ಅಂಟು ಒಣಗುವತನಕ ಆಸರೆ ಬೇಕು; ಮಕ್ಕಳ ಆಟದ ಪ್ಲಾಸ್ಟಿಕ್ ಇಟ್ಟಿಗೆಗಳಿಂದ ನಾನು ಆಸರೆ ಮಾಡಿಕೊಂಡೆ. ಎಲಾಸ್ಟಿಕ್ ದಾರ ರೆಕ್ಕೆಯನ್ನು ಎಳೆದು ಬಗ್ಗಿಸುವುದಿಲ್ಲ, ಆದರೆ ಓರೆಯಾಗಿ ಕೂತ ರೆಕ್ಕೆಯನ್ನು ಸರಿಪಡಿಸುವುದೂ ಇಲ್ಲ, ಎಂಬುದು ನೆನಪಿನಲ್ಲಿರಬೇಕು. ಎಡುವಾರ್ಡ್‌ನ ಸ್ಟ್ರಟ್‌ಗಳು ತಮ್ಮ ಗುಳಿಗಳಲ್ಲಿ ನಿಖರವಾಗಿ ಕೂರುತ್ತವೆ, ಇಡೀ ಕಿಟ್ಟಿನಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಗುಣ ಇದೇ.

ಬಾಲದ ಹತ್ತಿರದ ಕೆಲವು ಗಿಡ್ಡ ತಂತಿಗಳಿಗೆ ನಾನು ಹಳೆಯ ವಿಧಾನವನ್ನೇ ಹಿಡಿದೆ. ಸ್ಪ್ರೂವಿನ, ಅಂದರೆ ಕಿಟ್ಟಿನ ಭಾಗಗಳು ಅಂಟಿಕೊಂಡಿರುವ ಪ್ಲಾಸ್ಟಿಕ್ ಚೌಕಟ್ಟಿನ, ತುಂಡನ್ನು ಜ್ವಾಲೆಯ ಮೇಲೆ ಕಾಯಿಸಿ ಎಳೆದರೆ ಕೂದಲೆಳೆಯಷ್ಟು ಸಣ್ಣ ತಂತು ಸಿಗುತ್ತದೆ. ಅದನ್ನು ಅಂಟಿಸಿದ ಮೇಲೆ ಸಡಿಲವಾಗಿ ಕಂಡರೆ, ಹೊತ್ತಿಸಿದ ಊದುಬತ್ತಿಯ ಕೆಂಡವನ್ನು ಅದಕ್ಕೆ ತಾಗಿಸದೆ ತುಸು ದೂರದಲ್ಲಿ ಹಾಯಿಸಿದರೆ ಸಾಕು, ಎಳೆ ಕಣ್ಣೆದುರಿಗೇ ಬಿಗಿಯಾಗುತ್ತದೆ. ಮೈಸೂರು ಊದುಬತ್ತಿ ಇರುವ ಯಾವ ಮನೆಯಲ್ಲೂ ಈ ಉಪಕರಣಕ್ಕೆ ಕೊರತೆಯಿಲ್ಲ.

ಮಳೆಗಾಲದಲ್ಲಿ ಕೆಲಸ ಮಾಡಿದ್ದರಿಂದ ಒಂದು ಪೆಟ್ಟನ್ನೂ ತಿಂದೆ. ತೇವದ ಗಾಳಿಯಲ್ಲಿ ಸೂಪರ್ ಗ್ಲೂ ಬೇಗ ಹಿಡಿಯುತ್ತದೆ, ಜೊತೆಗೆ ಅದರ ಆವಿ ಹತ್ತಿರದ ಪಾರದರ್ಶಕ ಭಾಗಗಳ ಮೇಲೆ ಬಿಳಿಯ ಮಂಜಾಗಿ ಕೂರುತ್ತದೆ. ಪುಟ್ಟ ವಿಂಡ್‌ಸ್ಕ್ರೀನನ್ನು ನಾನು ಅವಸರದಿಂದ ಮೊದಲೇ ಅಂಟಿಸಿಬಿಟ್ಟಿದ್ದೆ. ಅದು ಮಬ್ಬಾಯಿತು, ಪಾರದರ್ಶಕ ಹಾಳೆಯಿಂದ ಬೇರೊಂದನ್ನು ಕತ್ತರಿಸಿ ಮಾಡಬೇಕಾಯಿತು. ವಿಂಡ್‌ಸ್ಕ್ರೀನ್ ಎಲ್ಲ ತಂತಿಗಳೂ ಮುಗಿದ ಮೇಲಿನ ಕೆಲಸ.

ಸೂಕ್ಷ್ಮ ವಿವರಗಳಲ್ಲಿ ನಾನು ಸೇರಿಸಿದ್ದು ಒಂದೇ ಒಂದು. ಮೇಲ್ರೆಕ್ಕೆಯ ಮೇಲೆ, ಫಾಸ್ಟರ್ ಹಳಿಯ ತುದಿಯಲ್ಲಿ, ಲೂಯಿಸ್ ಬಂದೂಕು ಇರುತ್ತದೆ. ಗುಂಡಿನ ಡ್ರಮ್ ಖಾಲಿಯಾದಾಗ ಪೈಲಟ್ ಬಂದೂಕನ್ನು ಬಾಗಿದ ಆ ಹಳಿಯ ಮೇಲೆ ತನ್ನತ್ತ ಜಾರಿಸಿಕೊಂಡು, ಹಾರುತ್ತಿರುವಾಗಲೇ ಹೊಸ ಡ್ರಮ್ ಕೂರಿಸಬೇಕಾಗಿತ್ತು. ಆ ಬಂದೂಕನ್ನು ಹಾರಿಸುವ ಬೌಡನ್ ಕೇಬಲ್ಲನ್ನು ತೆಳ್ಳನೆಯ ತಾಮ್ರದ ಎಳೆಯಿಂದ ಮಾಡಿ ಕಾಕ್‌ಪಿಟ್ಟಿನೊಳಕ್ಕೆ ಇಳಿಸಿದೆ. ಅದರಿಂದ ಬಂದೂಕಿಗೂ ಅದನ್ನು ಹಾರಿಸುವ ಕೈಗೂ ಇದ್ದ ಸಂಬಂಧ ಕಾಣುವಂತಾಯಿತು.

ಇದು ಮೊದಲ ಬೈಪ್ಲೇನ್ ಕಟ್ಟುವವರಿಗೂ ಆಗುವ ಕಿಟ್, ಏಕೆಂದರೆ ಒಡಲಿನ ಎರಡೂ ಬದಿಗೆ ಸ್ಟ್ರಟ್‌ಗಳ ಒಂದೊಂದು ಜೋಡಿ ಮಾತ್ರ ಇದೆ, ಕೈ ಆಡಿಸಲು ಜಾಗವೂ ಇದೆ. ಖರ್ಚು ಕಡಿಮೆ ಮಾಡಬೇಕೆನ್ನುವವರು ಇದೇ ಅಚ್ಚಿನ ವೀಕೆಂಡ್ ಆವೃತ್ತಿಯನ್ನು ನೋಡಬಹುದು, ಆದರೆ ಅದರಲ್ಲಿ ಲೋಹದ ಹಾಳೆಯೂ ಮಾಸ್ಕ್‌ಗಳೂ ಇರುವುದಿಲ್ಲ. ನನಗೆ ತಂತಿಗಳಿಗೇ ಹನ್ನೊಂದು ಸಂಜೆಗಳು ಹಿಡಿದವು. ಮುಗಿದ ಮಾದರಿಯನ್ನು ಗಾಜಿನ ಪೆಟ್ಟಿಗೆಯಲ್ಲೇ ಇಡಬೇಕು. ಎಲಾಸ್ಟಿಕ್ ದಾರ ಬೆರಳು ತಾಗಿದರೆ ತಡೆದುಕೊಳ್ಳುತ್ತದೆ, ಆದರೆ ಅದರ ಮೇಲೆ ಕೂತ ಧೂಳನ್ನು ಒರೆಸಹೋದರೆ ಅಂಟಿನ ಹಿಡಿತ ಬಿಟ್ಟುಹೋಗುತ್ತದೆ.